ತಿರುಳ್ಗನ್ನಡದ ತಿರುಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಸರ್ವಜ್ಞನ ಒಂದಾದರೂ ತ್ರಿಪದಿ ಬಾರದ ಹಿರಿಯರು ವಿರಳ. ಆ ತ್ರಿಪದಿಗಳನ್ನು ಊರೂರಿನಿಂದ ಒಟ್ಟುಗೂಡಿಸಿ 1924ರಲ್ಲಿ ಗ್ರಂಥರೂಪದಲ್ಲಿ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿಗಳೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರೋ!

ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಜನಿಸಿದರು. ಬಾಸೆಲ್ ಮಿಷನ್ನಿನ ಸೇವೆಯಲ್ಲಿ ಹಳ್ಳಿ ತಿರುಗುವುದು ಅವರ ಕಾಯಕ. (ನಮ್ಮ ಸೀಮೆಯ ಕ್ರೈಸ್ತರ ಚರಿತ್ರೆ ಬೇರೆ, ಬೆಳಗಾವಿಯಲ್ಲಿ 1820ರಲ್ಲಿ ಲಂಡನ್ ಮಿಷನ್ ಆರಂಭಿಸಿದ ಕಾರ್ಯವು ಮುಂದೆ ಮೆಥೋಡಿಸ್ಟರ ಕೈಸೇರಿತು. ಅದನ್ನು ಇನ್ನೊಮ್ಮೆ ಬರೆಯುವೆ.) ಬೋಧಿಸಲು ಹೋದವರು ಜನರ ಬಾಯಲ್ಲಿದ್ದ ಪದ್ಯಗಳನ್ನು ಕೇಳಿ ಬರೆದುಕೊಂಡರು.

ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮದ ಫಲಗಳನ್ನು ಎಣಿಸುವಾಗ ಪ್ರೀತಿ, ಸಂತೋಷ, ಸಮಾಧಾನಗಳ ಬೆನ್ನಿಗೇ ದೀರ್ಘಶಾಂತಿಯನ್ನು ಹೇಳುತ್ತಾನೆ. ಅದು ದೇವಾಲಯದಲ್ಲಿ ಮಾತ್ರ ಬೆಳೆಯುವ ಗುಣವಲ್ಲ. ಒಂದೇ ತ್ರಿಪದಿಗೆ ಊರಿಗೊಂದು ಪಾಠ. ಸರ್ವಜ್ಞನ ಅಂಕಿತದಲ್ಲಿ ಅನ್ಯರ ಪದ್ಯಗಳೂ ಸೇರಿಕೊಂಡಿವೆ. ಅವನ್ನು ಹೋಲಿಸಿ ಬೇರ್ಪಡಿಸುವವರಿಗೆ ಆ ಗುಣ ದಿನದಿನವೂ ಬೇಕು.

ಮುಂದೆ, ಅನುಭವ ಮಂಟಪವು ಇದ್ದಿತೇ ಎಂಬ ಸಂದೇಹಕ್ಕೆ ಗ್ರಂಥವನ್ನೇ ಬರೆದು ಉತ್ತರಿಸಿದವರೂ ಈ ಪಾದ್ರಿಗಳೇ. ಕ್ರಿಸ್ತನನ್ನು ಬಿಡಲಿಲ್ಲ, ಬಸವಣ್ಣನ ಸತ್ಯವನ್ನು ಕಡೆಗಣಿಸಲೂ ಇಲ್ಲ. ಇದು ಪಾಂಡಿತ್ಯಕ್ಕಿಂತ ಸಾಧುತ್ವದ ಫಲವೆಂದು ನನ್ನ ಎಣಿಕೆ.

ತಿರುಳ್ಗನ್ನಡದ ತಿರುಕರೆಂದು ಹೆಸರಾದ ಅವರನ್ನು 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅಧ್ಯಕ್ಷಪೀಠದಲ್ಲಿ ಕೂಡಿಸಿತು. 1962ರಲ್ಲಿ ಅವರು ತೀರಿಕೊಂಡರು.