ಟಿಣ್ ಎಂದದ್ದು ಚಿನ್ನವೋ, ಮೊಳೆಯೋ?

1881ರ ಜುಲೈ 2ರಂದು ವಾಷಿಂಗ್ಟನ್ನಿನ ಒಂದು ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಚಾರ್ಲ್ಸ್ ಗಿಟೋ ಎಂಬಾತ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿಕೊಂಡು ಹೋಯಿತು. ಇನ್ನೊಂದು ಬೆನ್ನಿನ ಬಲಭಾಗದಲ್ಲಿ ಒಳಹೊಕ್ಕು ದೇಹದೊಳಗೆ ಎಲ್ಲೋ ನಿಂತುಬಿಟ್ಟಿತು. ಎಲ್ಲಿ ಎಂದು ತಿಳಿಯುವ ದಾರಿ ಇರಲಿಲ್ಲ. ಎಕ್ಸ್-ರೇ ಬರಲು ಇನ್ನೂ ಹದಿನಾಲ್ಕು ವರ್ಷ ಕಾಯಬೇಕಿತ್ತು. ವೈದ್ಯರು ತೊಳೆಯದ ಬೆರಳುಗಳನ್ನೂ ಸಲಾಕೆಗಳನ್ನೂ ಗಾಯದೊಳಗೆ ಹಾಕಿ ತಡಕಾಡಿದರು.

ಗುಂಡು ಹುಡುಕುವ ಸಲಾಕೆಗೂ ಒಂದು ಸಮಸ್ಯೆಯಿತ್ತು. ತುದಿಗೆ ಗಟ್ಟಿಯಾದದ್ದೇನೋ ತಗುಲಿದರೆ ಅದು ಸೀಸವೋ ಮೂಳೆಯೋ ಹೇಳುವುದು ಹೇಗೆ? 1862ರಲ್ಲಿ ಇಟಲಿಯ ನಾಯಕ ಗ್ಯಾರಿಬಾಲ್ಡಿಯ ಕಾಲಿಗೆ ಗುಂಡು ಬಿದ್ದಾಗ ಫ್ರಾನ್ಸಿನ ವೈದ್ಯ ಒಗ್ಯೂಸ್ಟ್ ನೆಲಾಟನ್ ಇದಕ್ಕೊಂದು ಸರಳ ಉಪಾಯ ಹೂಡಿದ್ದ. ಸಲಾಕೆಯ ತುದಿಗೆ ಹೊಳಪು ಕೊಡದ ಪಿಂಗಾಣಿಯ ಗುಂಡು. ಸೀಸಕ್ಕೆ ಉಜ್ಜಿದರೆ ಪಿಂಗಾಣಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ, ಮೂಳೆಗೆ ಉಜ್ಜಿದರೆ ಇಲ್ಲ. ಕಾಣದ ವಸ್ತುವನ್ನು ಹುಡುಕುವುದು ಒಂದು ಕೆಲಸ, ಸಿಕ್ಕಿದ್ದು ಏನೆಂದು ಗುರುತಿಸುವುದು ಇನ್ನೊಂದು. ಲೋಹಶೋಧಕದ ಇತಿಹಾಸದುದ್ದಕ್ಕೂ ಕಾಡಿದ್ದು ಈ ಎರಡನೆಯದು.

ಗಾರ್ಫೀಲ್ಡ್‌ಗಾಗಿ ಮುಂದೆ ಬಂದವನು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಎರಡು ತಂತಿ ಸುರುಳಿಗಳನ್ನು ಒಂದರ ಪ್ರಭಾವ ಇನ್ನೊಂದಕ್ಕೆ ತಟ್ಟದಂತೆ ಸಮತೂಕದಲ್ಲಿ ಇಟ್ಟರೆ ಟೆಲಿಫೋನಿನಲ್ಲಿ ಸದ್ದು ಇರುವುದಿಲ್ಲ. ಹತ್ತಿರಕ್ಕೆ ಲೋಹ ಬಂದರೆ ಸಮತೂಕ ತಪ್ಪಿ ಸದ್ದು ಹುಟ್ಟುತ್ತದೆ. ಡೇವಿಡ್ ಹ್ಯೂಸ್ 1879ರಲ್ಲಿ ತೋರಿಸಿದ್ದ ಈ ತತ್ವವನ್ನು ಬೆಲ್ ಮತ್ತು ಅವನ ಸಹಾಯಕ ಸಮ್ನರ್ ಟೇಂಟರ್ ಕೆಲವೇ ವಾರಗಳಲ್ಲಿ ರೋಗಿಯ ಮೇಲೆ ಆಡಿಸಬಹುದಾದ ಯಂತ್ರವಾಗಿ ಮಾಡಿದರು. ಅಂತರ್ಯುದ್ಧದಲ್ಲಿ ಗುಂಡು ತಿಂದು, ಅದನ್ನು ಮೈಯಲ್ಲೇ ಹೊತ್ತು ಬದುಕಿದ್ದ ಹಳೆಯ ಸೈನಿಕರ ಮೇಲೆ ಪ್ರಯೋಗಿಸಿದಾಗ ಯಂತ್ರ ಗುಂಡಿನ ಜಾಗವನ್ನು ಸರಿಯಾಗಿಯೇ ತೋರಿಸಿತು.

ಜುಲೈ 26ರಂದು ಶ್ವೇತಭವನದಲ್ಲಿ ಮಾತ್ರ ಎಲ್ಲ ಎಡವಟ್ಟಾಯಿತು. ಒಂದು ಜೋಡಣೆ ತಪ್ಪಿ, ಕಿವಿಯಲ್ಲಿ ನಿಲ್ಲದ ಗುಂಯ್‌ಗುಟ್ಟುವಿಕೆ. ಆಗಸ್ಟ್ 1ರಂದು ಮತ್ತೆ ನೋಡಿದಾಗ ಅಗಲವಾದ ಒಂದು ಜಾಗದಲ್ಲಿ ಮಸುಕಾದ ಮಿಡಿತ ಕೇಳಿತು. ಅಷ್ಟು ಅಗಲಕ್ಕೆ ಗುಂಡು ಇರಲು ಸಾಧ್ಯವಿಲ್ಲ. ಮಾರನೆಯ ದಿನ ವಿಚಾರಿಸಿದ ಬೆಲ್‌ಗೆ ಅಧ್ಯಕ್ಷರ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇದ್ದದ್ದು ತಿಳಿಯಿತು. ಅದಕ್ಕಿಂತ ದೊಡ್ಡ ಅಡ್ಡಿ ಬೇರೆಯಿತ್ತು. ಗುಂಡು ಬಲಗಡೆಯೇ ಇದೆ ಎಂದು ಮುಖ್ಯ ವೈದ್ಯ ವಿಲ್ಲರ್ಡ್ ಬ್ಲಿಸ್ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಯಂತ್ರ ಆಡಿದ್ದೂ ಬಲಗಡೆಯಲ್ಲೇ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿದ್ದು ಬೆನ್ನೆಲುಬಿನ ಎಡಕ್ಕೆ. ಅಧ್ಯಕ್ಷನನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಆ ಬೆರಳುಗಳು ಹೊತ್ತು ತಂದ ಸೋಂಕು ಎಂದು ಇಂದು ಬಹುಪಾಲು ವೈದ್ಯ ಇತಿಹಾಸಕಾರರು ನಂಬುತ್ತಾರೆ.

ಕಿವಿಯ ಕಸುಬು

ಹಿಂದೆ ಸಂತೆಯ ವ್ಯಾಪಾರಿ ಬೆಳ್ಳಿ ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ದನಿ ಕೇಳುತ್ತಿದ್ದ. ಅಸಲಿಯಾದರೆ ಒಂದು ನಾದ, ಸೀಸ ಬೆರೆಸಿದ್ದಾದರೆ ಇನ್ನೊಂದು. ಲೋಹಶೋಧಕ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ, ಮುಟ್ಟದೆ ಮಾಡುತ್ತದೆ ಅಷ್ಟೆ.

ಕೋಲಿನ ತುದಿಯ ತಟ್ಟೆಯಲ್ಲಿರುವ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಬಾರಿ ಹಿಂದೆ ಮುಂದೆ ಹರಿಯುತ್ತದೆ. ಅದರಿಂದ ಹುಟ್ಟಿದ ಕಾಂತಕ್ಷೇತ್ರ ಮಣ್ಣಿನೊಳಗೆ ಇಳಿದು, ಅಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸುಳಿಸುಳಿಯಾಗಿ ವಿದ್ಯುತ್ತನ್ನು ಹರಿಸುತ್ತದೆ. ಆ ಸುಳಿಗಳಿಗೂ ತಮ್ಮದೇ ಸಣ್ಣ ಕಾಂತಕ್ಷೇತ್ರ ಇರುತ್ತದೆ. ಎರಡನೆಯ ಸುರುಳಿ ಕೇಳಿಸಿಕೊಳ್ಳುವುದು ಅದನ್ನು. ಉತ್ತರ ಬರುವುದು ತುಸು ತಡವಾಗಿ, ಮತ್ತು ಆ ತಡವೇ ವಸ್ತುವಿನ ಗುರುತು. ದಪ್ಪನೆಯ ಬೆಳ್ಳಿ ನಾಣ್ಯ, ತಾಮ್ರದ ಗಟ್ಟಿಯಂತಹವುಗಳಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಸುಳಿ ಬೇಗ ಆರುವುದಿಲ್ಲ, ಉತ್ತರ ಹೆಚ್ಚು ತಡ. ತೆಳು ತಗಡು, ಪುಟ್ಟ ಚಿನ್ನದ ಚೂರುಗಳಲ್ಲಿ ಕಡಿಮೆ. ಕಬ್ಬಿಣ ತಾನೇ ಅಯಸ್ಕಾಂತದ ನೆಂಟನಾದ್ದರಿಂದ ಅದರ ಉತ್ತರದ ರೀತಿಯೇ ಬೇರೆ.

1930ರ ದಶಕದಲ್ಲಿ ಇದನ್ನು ಕೈಯಲ್ಲಿ ಹಿಡಿದು ಓಡಾಡುವ ಸರಕಾಗಿ ಮಾಡಿದವರಲ್ಲಿ ಮುಖ್ಯನಾದವನು ಜರ್ಮನಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಗಿದ್ದ ಗೆರ್ಹಾರ್ಡ್ ಫಿಶರ್. ದಿಕ್ಕು ಹುಡುಕುವ ರೇಡಿಯೋ ಉಪಕರಣಗಳು ಲೋಹವಿದ್ದೆಡೆ, ಅದಿರಿರುವ ಬಂಡೆಗಳಿದ್ದೆಡೆ ತಪ್ಪು ತೋರಿಸುತ್ತಿದ್ದವು. ಆ ತಪ್ಪನ್ನೇ ಫಿಶರ್ ಉಪಯೋಗಕ್ಕೆ ತಂದ. 1937ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಆ ಕಾಲದ ಯಂತ್ರಗಳು ‘ಇದೆ’ ಎನ್ನುತ್ತಿದ್ದವೇ ಹೊರತು ‘ಏನಿದೆ’ ಎನ್ನುತ್ತಿರಲಿಲ್ಲ. ಉತ್ತರದ ತಡವನ್ನು ಅಳೆದು ಬೇಡದ ಕಬ್ಬಿಣವನ್ನು ಬದಿಗಿಡುವ ಯಂತ್ರಗಳು ಮಾರುಕಟ್ಟೆಗೆ ಬಂದದ್ದು 1970ರ ದಶಕದಲ್ಲಿ. ಈಗಿನವು ಕಬ್ಬಿಣಕ್ಕೆ ತಗ್ಗಿದ ಗೊರಕೆ, ಬೆಳ್ಳಿಗೆ ಏರಿದ ಸ್ವರ ಕೊಡುತ್ತವೆ. ಪರದೆಯ ಮೇಲೆ ಒಂದು ಸಂಖ್ಯೆಯನ್ನೂ ತೋರಿಸುತ್ತವೆ.

ಹೊಸಬರು ಮೋಸಹೋಗುವುದು ಈ ಸಂಖ್ಯೆಯಿಂದ. ಯಂತ್ರ ಅಳೆಯುವುದು ವಿದ್ಯುತ್ತಿನ ನಡತೆಯನ್ನು. ಅದಕ್ಕೆ ಚಿನ್ನ ಗೊತ್ತಿಲ್ಲ, ನಾಣ್ಯ ಗೊತ್ತಿಲ್ಲ. ಚಿನ್ನದ ಉಂಗುರವೂ ತಂಪು ಪಾನೀಯದ ಡಬ್ಬಿಯಿಂದ ಕಿತ್ತ ಅಲ್ಯೂಮಿನಿಯಂ ಉಂಗುರವೂ ಎಷ್ಟೋ ಸಲ ಒಂದೇ ಸಂಖ್ಯೆಯಲ್ಲಿ ಬಂದು ನಿಲ್ಲುತ್ತವೆ. ಉಂಗುರದಾಕಾರದ ಕಬ್ಬಿಣದ ವಾಷರ್ ಒಳ್ಳೆಯ ಲೋಹದಂತೆ ಹಾಡುತ್ತದೆ. ಪಕ್ಕದಲ್ಲಿ ತುಕ್ಕು ಹಿಡಿದ ಮೊಳೆಯಿದ್ದರೆ ನಾಣ್ಯದ ದನಿ ಅದರಡಿ ಅಡಗಿಬಿಡುತ್ತದೆ. ನಾಣ್ಯ ಮಲಗುವ ಬದಲು ಅಂಚಿನ ಮೇಲೆ ನಿಂತಿದ್ದರೆ ದನಿ ಕ್ಷೀಣ. ಆಳ ಹೆಚ್ಚಿದಷ್ಟೂ ಸಂಖ್ಯೆ ಅಲುಗಾಡುತ್ತದೆ. ಕಬ್ಬಿಣದ ಅಂಶವಿರುವ ಕೆಂಪು ಮಣ್ಣು ತಾನೇ ಸದ್ದು ಮಾಡುತ್ತದೆ, ಹಾಗಾಗಿ ಮೊದಲು ಆ ನೆಲದ ಸದ್ದಿಗೆ ಯಂತ್ರವನ್ನು ಹೊಂದಿಸಿಕೊಳ್ಳಬೇಕು.

ಆದ್ದರಿಂದ ಪಳಗಿದವರು ಕಲಿಯಬಂದವರಿಗೆ ಮೊದಲು ಹೇಳುವುದು ಮನೆಯ ಹಿತ್ತಲಲ್ಲೇ ಪಾಠಶಾಲೆ ಮಾಡಿಕೊಳ್ಳಲು. ಗೊತ್ತಿರುವ ನಾಣ್ಯ, ಮೊಳೆ, ಉಂಗುರ, ತಗಡನ್ನು ಗೊತ್ತಿರುವ ಆಳದಲ್ಲಿ ಹೂತು, ಮೇಲೆ ತಟ್ಟೆ ಆಡಿಸಿ ಒಂದೊಂದರ ದನಿ ಕೇಳಬೇಕು. ದಿಕ್ಕು ಬದಲಿಸಿ ಅಡ್ಡಲಾಗಿಯೂ ಆಡಿಸಬೇಕು. ದುಂಡಗಿನ ನಾಣ್ಯ ಎರಡೂ ಕಡೆಯಿಂದ ಒಂದೇ ಮಾತಾಡುತ್ತದೆ, ಉದ್ದನೆಯ ಮೊಳೆ ಒಂದೊಂದು ಕಡೆಯಿಂದ ಒಂದೊಂದು. ಆಮೇಲೆ ಹೊರಗೆ ಹೋದಾಗ ಮೊದಮೊದಲು ಎಲ್ಲ ದನಿಗಳನ್ನೂ ಅಗೆದು ನೋಡಬೇಕು. ಅಗೆಯದೆ ಬಿಟ್ಟ ದನಿ ಏನಾಗಿತ್ತೆಂದು ಯಾವತ್ತೂ ತಿಳಿಯುವುದಿಲ್ಲವಲ್ಲ.

ತಪ್ಪಿದರೆ ಪ್ರಾಣ

ಹಿತ್ತಲಿನ ಕಲಿಕೆಯಲ್ಲಿ ತಪ್ಪಿದರೆ ಸಿಗುವುದು ಡಬ್ಬಿಯ ಚೂರು. ಯುದ್ಧಭೂಮಿಯಲ್ಲಿ ಲೆಕ್ಕ ಬೇರೆ. 1941ರ ಆರಂಭದಲ್ಲಿ ಅಬಿಸೀನಿಯಾದ ಗಡಿಯಲ್ಲಿ ಇಟಲಿಯ ಸೇನೆ ಹಿಮ್ಮೆಟ್ಟುತ್ತಾ ದಾರಿಯುದ್ದಕ್ಕೂ ಮೈನುಗಳನ್ನು ಹೂತು ಹೋಗಿತ್ತು. ಪುಣೆಯ ಖಡಕಿಯ ನೆಲೆಯ ಬಾಂಬೆ ಸ್ಯಾಪರ್ಸ್‌ಗೆ ಸೇರಿದ್ದ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮೀಂದ್ರ ಸಿಂಗ್ ಭಗತ್ ಸೇನಾಸಾಲಿನ ಮುಂಚೂಣಿಯ ವಾಹನದಲ್ಲಿ ಕುಳಿತು, ನಾಲ್ಕು ದಿನಗಳಲ್ಲಿ 55 ಮೈಲಿ ದಾರಿಯಲ್ಲಿ 15 ಮೈನ್ ಹಾಸುಗಳನ್ನು ಪತ್ತೆಹಚ್ಚಿ ತೆಗೆಸಿದರು. ಎರಡು ಬಾರಿ ವಾಹನವೇ ಸಿಡಿಯಿತು. ಒಂದು ಕಿವಿಯ ತಮಟೆ ಹರಿಯಿತು. ಬದಲಿಗೆ ಬೇರೊಬ್ಬರನ್ನು ಕಳಿಸುತ್ತೇವೆಂದಾಗ ಅವರು ಒಪ್ಪಲಿಲ್ಲ. ಈ ಕೆಲಸ ಮುಗಿಸಲು ಈಗ ತನಗೇ ಹೆಚ್ಚಿನ ಅರ್ಹತೆ ಬಂದಿದೆ ಎಂಬುದು ಅವರ ವಾದ. ಅವರಿಗೆ ವಿಕ್ಟೋರಿಯಾ ಕ್ರಾಸ್ ಬಂತು.

ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಆಶ್ರಯ ಪಡೆದಿದ್ದ ಪೋಲೆಂಡಿನ ಸೇನಾಧಿಕಾರಿ ಯೂಝೆಫ್ ಕೊಸಾಟ್ಸ್ಕಿ ಒಬ್ಬನೇ ಹೊತ್ತು ನಡೆಯಬಹುದಾದ ಮೈನ್ ಶೋಧಕವನ್ನು ರೂಪಿಸಿದ. ತೂಕ ಸುಮಾರು 14 ಕಿಲೋ. ಪೇಟೆಂಟ್ ಮಾಡಿಸದೆ ಬ್ರಿಟಿಷ್ ಸೇನೆಗೆ ಹಾಗೆಯೇ ಕೊಟ್ಟುಬಿಟ್ಟ. ಕುಟುಂಬದವರು ಜರ್ಮನರ ವಶದಲ್ಲಿದ್ದ ಪೋಲೆಂಡಿನಲ್ಲಿದ್ದುದರಿಂದ ಅವನ ಹೆಸರನ್ನು ಗುಟ್ಟಾಗಿ ಇಡಲಾಯಿತು. 1942ರ ಅಕ್ಟೋಬರ್‌ನಲ್ಲಿ ಎಲ್ ಅಲಮೇನ್ ಕಾಳಗಕ್ಕೆ ಇಂತಹ 500 ಯಂತ್ರಗಳು ಬಂದವು. ಮರಳಿನಲ್ಲಿ ದಾರಿ ಬಿಡಿಸುವ ವೇಗ ಗಂಟೆಗೆ ನೂರು ಮೀಟರಿನಿಂದ ಇನ್ನೂರಕ್ಕೆ ಏರಿತು.

ಯಂತ್ರ ಕೇಳಲು ಕಲಿತ ಕೂಡಲೇ ಮೈನು ಸುಮ್ಮನಿರಲು ಕಲಿಯಿತು. ಜರ್ಮನರು ಮರದ ಪೆಟ್ಟಿಗೆಯ, ಗಾಜಿನ ಮೈನುಗಳನ್ನು ಮಾಡಿದರು. ಯುದ್ಧದ ನಂತರ ಪ್ಲಾಸ್ಟಿಕ್ಕಿನವು ಬಂದವು, ಲೋಹ ಎಂಬುದು ಒಂದು ಸಣ್ಣ ಸ್ಪ್ರಿಂಗಿನಷ್ಟು ಮಾತ್ರ. ಅಷ್ಟು ಸಣ್ಣ ದನಿ ಕೇಳುವಂತೆ ಯಂತ್ರವನ್ನು ಚುರುಕುಗೊಳಿಸಿದರೆ ನೆಲದಲ್ಲಿರುವ ಪ್ರತಿ ಮೊಳೆ, ಪ್ರತಿ ಗುಂಡಿನ ಚೂರೂ ಕೂಗುತ್ತದೆ. ಕಾಂಬೋಡಿಯಾ, ಅಂಗೋಲಾಗಳ ಹೊಲಗಳಲ್ಲಿ ಮೈನು ತೆಗೆಯುವವರು ‘ಇದು ಮೊಳೆ ಇರಬೇಕು’ ಎಂದು ದಾಟಿ ಹೋಗುವಂತಿಲ್ಲ. ಪ್ರತಿ ದನಿಯನ್ನೂ ಮೈನೆಂದೇ ಭಾವಿಸಿ ಮೊಣಕಾಲೂರಿ ಕೆದಕಬೇಕು. ಈ ಬಿಕ್ಕಟ್ಟಿಗೆ ಟಾಂಜಾನಿಯಾದ ಒಂದು ಸಂಸ್ಥೆ ಕಂಡುಕೊಂಡ ದಾರಿ ದೊಡ್ಡ ಆಫ್ರಿಕನ್ ಇಲಿಗಳನ್ನು ಪಳಗಿಸುವುದು. ಇಲಿ ಲೋಹವನ್ನು ಕೇಳುವುದಿಲ್ಲ, ಸಿಡಿಮದ್ದನ್ನು ಮೂಸುತ್ತದೆ. ಮೊಳೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಕಾಂಬೋಡಿಯಾದಲ್ಲಿ ದುಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಪ್ರಾಣಿಗಳ ಶೌರ್ಯಕ್ಕೆ ಕೊಡುವ ಚಿನ್ನದ ಪದಕ ಸಿಕ್ಕಿತು.

ಸುತ್ತಿಗೆ ಹುಡುಕಲು ಹೋದವನು

1992ರ ನವೆಂಬರ್ 16ರಂದು ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಾಕ್ಸ್ನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಹೋದವನು ಗೆಳೆಯ ಎರಿಕ್ ಲಾಸ್, ಕೈಯಲ್ಲಿ ಲೋಹಶೋಧಕ. ಸಿಕ್ಕಿದ್ದು ರೋಮನ್ ಕಾಲದ ಚಿನ್ನ ಬೆಳ್ಳಿ. ಒಂದಷ್ಟು ಹೊರತೆಗೆದ ಲಾಸ್ ಮುಂದಕ್ಕೆ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದ. ಮರುದಿನವೇ ಪುರಾತತ್ವಜ್ಞರು ಬಂದು ಉಳಿದುದನ್ನು ಕ್ರಮವಾಗಿ ಬಿಡಿಸಿದರು. ಸುಮಾರು 15,000 ನಾಣ್ಯ, 200ರಷ್ಟು ಒಡವೆ ಮತ್ತು ಪಾತ್ರೆ ಸಾಮಾನು. ಮರದ ಪೆಟ್ಟಿಗೆ ಎಂದೋ ಕೊಳೆತುಹೋಗಿತ್ತು. ಆದರೂ ವಸ್ತುಗಳು ಇದ್ದ ಜಾಗದಲ್ಲೇ ಇದ್ದುದರಿಂದ ಪೆಟ್ಟಿಗೆ ಎಷ್ಟು ದೊಡ್ಡದಿತ್ತು, ಯಾವುದರ ಪಕ್ಕ ಯಾವುದನ್ನು ಜೋಡಿಸಿದ್ದರು ಎಂಬುದು ತಿಳಿಯಿತು. ಅದರಲ್ಲಿ ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳೂ ಇದ್ದವು, ಒಂದು ರಾಣಿಯಂತಹ ಹೆಂಗಸಿನ ರೂಪದ್ದು. ಅದರೊಳಗೆ ಹಾಕುತ್ತಿದ್ದ ಕರಿಮೆಣಸು ಹಡಗೇರಿ ಹೋಗುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದ. ಕಳೆದ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಅಮೆರಿಕದ ಮೊಂಟಾನಾದಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯ. ಅಲ್ಲಿನ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ 1876ರ ಜೂನ್ 25ರಂದು ಲಕೋಟಾ, ಶಯೆನ್ ಯೋಧರು ಕರ್ನಲ್ ಕಸ್ಟರ್ ಮತ್ತವನ ತುಕಡಿಯನ್ನು ಮುಗಿಸಿದ್ದರು. ಕಸ್ಟರ್‌ನ ಜೊತೆಗಿದ್ದ ಸೈನಿಕರಲ್ಲಿ ಹೇಳಲು ಯಾರೂ ಉಳಿಯಲಿಲ್ಲ. ಗೆದ್ದವರು ಹೇಳಿದ್ದನ್ನು ಬಿಳಿಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯ ಉಸಿರಿನ ತನಕ ಒಟ್ಟಾಗಿ ಹೋರಾಡಿದರೆಂಬ ವೀರಗಾಥೆ ನೂರು ವರ್ಷ ನಡೆಯಿತು. 1983ರಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಮುಂದಿನ ಎರಡು ವರ್ಷ ಪುರಾತತ್ವಜ್ಞರಾದ ರಿಚರ್ಡ್ ಫಾಕ್ಸ್ ಮತ್ತು ಡಗ್ಲಸ್ ಸ್ಕಾಟ್ ಹವ್ಯಾಸಿ ಲೋಹಶೋಧಕರನ್ನು ಸಾಲಾಗಿ ನಿಲ್ಲಿಸಿ ಇಡೀ ರಣರಂಗವನ್ನು ಕೇಳಿಸಿಕೊಂಡರು. ದನಿ ಬಂದಲ್ಲೆಲ್ಲ ಒಂದು ಬಾವುಟ. ಪ್ರತಿ ವಸ್ತುವಿನ ಜಾಗವನ್ನು ನಕಾಶೆಗೆ ಏರಿಸಿದ ಮೇಲೆಯೇ ಅದನ್ನು ಎತ್ತಿದ್ದು. ಕಾಡತೂಸಿನ ಬೆನ್ನಿನ ಮೇಲೆ ಬಂದೂಕಿನ ಮೊಳೆ ಬಿಡುವ ಗುರುತು ಬೆರಳಚ್ಚಿನಂತೆ, ಒಂದೊಂದು ಬಂದೂಕಿನದೂ ಬೇರೆ. ಒಂದೇ ಬಂದೂಕಿನ ಖಾಲಿ ಕಾಡತೂಸುಗಳನ್ನು ನಕಾಶೆಯ ಮೇಲೆ ಹಿಂಬಾಲಿಸಿದರೆ ಅದನ್ನು ಹಿಡಿದವನು ಎಲ್ಲಿಂದ ಎಲ್ಲಿಗೆ ಸರಿದ ಎಂಬುದು ಕಾಣುತ್ತದೆ. ಸೈನಿಕರ ಶಿಸ್ತಿನ ಸಾಲು ಮುರಿದು ದಿಕ್ಕಾಪಾಲಾದದ್ದು, ಯೋಧರ ಕೈಯಲ್ಲಿ ಆಧುನಿಕ ಬಂದೂಕುಗಳು ಸಾಕಷ್ಟು ಇದ್ದದ್ದು ಹೀಗೆ ಹೊರಬಿತ್ತು. ಯೋಧರು ಮಕ್ಕಳು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದಿದ್ದ ಕತೆಗಳಿಗೆ ನೆಲವೇ ಸಾಕ್ಷಿ ನುಡಿಯಿತು. ಅದೇ ಕಾಡತೂಸುಗಳನ್ನು ಯಾರೋ ನೆನಪಿನ ಕಾಣಿಕೆಯೆಂದು ಆಯ್ದುಕೊಂಡು ಹೋಗಿದ್ದರೆ ಅವು ಬರಿಯ ಹಿತ್ತಾಳೆ.

ಲೋಹದ ಬೆಲೆ, ಜಾಗದ ಬೆಲೆ

ಇಂಗ್ಲೆಂಡು 1996ರಲ್ಲಿ ನಿಧಿಗಳ ಬಗ್ಗೆ ಹೊಸ ಕಾನೂನು ಮಾಡಿತು. ಮರುವರ್ಷದಿಂದ ಹವ್ಯಾಸಿಗಳು ತಮಗೆ ಸಿಕ್ಕ ಸಣ್ಣಪುಟ್ಟ ವಸ್ತುಗಳನ್ನೂ, ಸಿಕ್ಕ ಜಾಗವನ್ನೂ ದಾಖಲಿಸಲು ಒಂದು ವ್ಯವಸ್ಥೆ ಬಂತು. ಭಾರತದಲ್ಲಿ ಈಗಲೂ ನಡೆಯುವುದು 1878ರ ನಿಧಿ ಕಾಯಿದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ಸರ್ಕಾರ ಅದನ್ನು ಇಟ್ಟುಕೊಳ್ಳಬೇಕೆಂದರೆ ಅದರಲ್ಲಿರುವ ಲೋಹದ ಬೆಲೆ ಮತ್ತು ಅದರ ಐದನೇ ಒಂದು ಭಾಗ ಸೇರಿಸಿ ಕೊಡಬೇಕು. ಹಳೆಯತನಕ್ಕೆ, ಸಿಕ್ಕ ಜಾಗಕ್ಕೆ ಕಾಯಿದೆ ಕಟ್ಟಿದ ಬೆಲೆ ಆ ಐದನೇ ಒಂದು ಭಾಗ.

ಜಾಗದ ಬೆಲೆ ತಿಳಿಯಲು ಚಿತ್ರದುರ್ಗದ ಚಂದ್ರವಳ್ಳಿಯನ್ನು ನೋಡಿದರೆ ಸಾಕು. ಅಲ್ಲಿ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪೇಟೆಯಲ್ಲಿ ತೂಗಿದರೆ ಒಂದೊಂದೂ ನಾಲ್ಕು ಗ್ರಾಂ ಬೆಳ್ಳಿಗೂ ಕಡಿಮೆ. ಆದರೆ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಪದರ ಪದರವಾಗಿ ಅಗೆದದ್ದರಿಂದ, ಸಾತವಾಹನರ ಕಾಲದ ಮಡಕೆ ಚೂರುಗಳ ಜೊತೆ ಇಂತಹ ವಿದೇಶೀ ವಸ್ತುಗಳನ್ನು ಸೇರಿಸಿ ಓದಿ ಕರ್ನಾಟಕದ ಮೊದಲ ಶತಮಾನಗಳಿಗೆ ಒಂದು ಕಾಲಗಣನೆ ದಕ್ಕಿತು. ಹಂಪಿಯ ಪಾಳುಗುಡಿಗಳಲ್ಲಿ ನಿಧಿಗಳ್ಳರು ವಿಗ್ರಹದ ಪೀಠ ಕಿತ್ತು ಅಗೆದ ಗುಂಡಿಗಳಿಂದ ಅಂತಹದ್ದೇನೂ ತಿಳಿಯಲಿಲ್ಲ. ಅಲ್ಲಿ ಏನಾದರೂ ಇತ್ತೋ ಇಲ್ಲವೋ ಎಂಬುದು ಕೂಡ.