ಮುಳ್ಳುಪೊದೆಯ ಮೊಲ ಮತ್ತು ಕಾಣೆಯಾದ ಕಥೆಗಾರ

2023ರ ಜನವರಿ 22ರಂದು ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ‘ಸ್ಪ್ಲ್ಯಾಶ್ ಮೌಂಟನ್’ ಎಂಬ ರೈಡ್ ಕೊನೆಯ ಬಾರಿಗೆ ಓಡಿತು. ಮರದ ದಿಮ್ಮಿಯ ಆಕಾರದ ದೋಣಿಯಲ್ಲಿ ಕುಳಿತು, ಕೃತಕ ಕಾಲುವೆಯಲ್ಲಿ ತೇಲಿ, ಕೊನೆಗೆ ಸುಮಾರು 50 ಅಡಿ ಎತ್ತರದಿಂದ ನೀರಿಗೆ ಧುಮುಕುವ ಆಟ ಅದು. ಅಂದು ಜನ ಗಂಟೆಗಟ್ಟಲೆ ಸರದಿಯಲ್ಲಿ ನಿಂತಿದ್ದರು. ಮುಂದಿನ ಕೆಲವೇ ದಿನಗಳಲ್ಲಿ, ಆ ಕಾಲುವೆಯದೇ ಎಂದು ಹೇಳಿಕೊಂಡ ನೀರು ಜಾಡಿಗಳಲ್ಲಿ ತುಂಬಿ ಇಬೇ ತಾಣದಲ್ಲಿ ಮಾರಾಟಕ್ಕೆ ಬಂತು. ಕ್ಲೋರಿನ್ ಬೆರೆಸಿದ ನೀರಿಗೆ ತೀರ್ಥದ ಬೆಲೆ ಬಂದಿತ್ತು.

ಇದನ್ನು ಹುಚ್ಚು ಎಂದು ನಕ್ಕು ಬಿಡಬಹುದು. ಆದರೆ ಚರಿತ್ರೆಯನ್ನು ಓದುವವರಿಗೆ ಇಲ್ಲೊಂದು ಕುತೂಹಲದ ಪ್ರಶ್ನೆಯಿದೆ. ಹಳತಾದ ಒಂದು ರೈಡನ್ನು ಬದಲಿಸಬೇಕೆ, ಹಾಗೆಯೇ ಉಳಿಸಬೇಕೆ ಎಂದು ಲಕ್ಷಾಂತರ ಜನ ವರ್ಷಗಟ್ಟಲೆ ಜಗಳವಾಡಿದಾಗ ಅವರು ನಿಜಕ್ಕೂ ಯಾವುದನ್ನು ಉಳಿಸಲು ಹೊರಟಿದ್ದರು? ಅವರು ‘ಮೂಲ’ ಎಂದು ಕರೆದದ್ದು ಎಷ್ಟರ ಮಟ್ಟಿಗೆ ಮೂಲವಾಗಿತ್ತು?

ಡಿಸ್ನಿಲ್ಯಾಂಡ್ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ತೆರೆದದ್ದು 1955ರ ಜುಲೈ 17ರಂದು. ಸಿನಿಮಾವನ್ನು ಒಮ್ಮೆ ಬಿಡುಗಡೆ ಮಾಡಿದರೆ ಮತ್ತೆ ತಿದ್ದಲಾಗದು, ಆದರೆ ಉದ್ಯಾನ ಬೆಳೆಯುತ್ತಲೇ ಇರುತ್ತದೆ, ಅದೆಂದೂ ಪೂರ್ಣವಾಗುವುದಿಲ್ಲ ಎಂಬುದು ವಾಲ್ಟ್ ಡಿಸ್ನಿಯ ನಿಲುವಾಗಿತ್ತು. ಬದಲಾಗುತ್ತದೆ ಎಂಬ ಕಾರಣಕ್ಕೇ ಅವನಿಗೆ ಆ ಜಾಗ ಇಷ್ಟ. ಅಭಿಮಾನಿಗಳಿಗಾದರೋ ಅದು ಬದಲಾಗದೆ ಉಳಿದಿದೆ ಎಂಬ ಕಾರಣಕ್ಕೇ ಇಷ್ಟ. ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದನ್ನು ಮಗಳ ಕೈ ಹಿಡಿದು ಮತ್ತೆ ನೋಡಬೇಕು ಎಂಬುದು ಅವರ ಆಸೆ. 1966ರಲ್ಲಿ ವಾಲ್ಟ್ ತೀರಿಕೊಂಡ ಮೇಲೆ ಈ ಎರಡು ಆಸೆಗಳ ನಡುವಿನ ತಿಕ್ಕಾಟ ಹೆಚ್ಚುತ್ತ ಹೋಯಿತು. ಬದಲಿಸುವ ಅಧಿಕಾರವಿದ್ದ ಒಡೆಯ ಈಗ ಇರಲಿಲ್ಲ. ಅವನ ಹೆಸರು ಹೇಳಿ ಬದಲಿಸುವವರೂ ಅವನ ಹೆಸರು ಹೇಳಿ ತಡೆಯುವವರೂ ಉಳಿದರು.

ಈ ಜಗಳಗಳಿಗೆ ಒಂದು ಚರಿತ್ರೆಯೇ ಇದೆ. ಕೆನೆತ್ ಗ್ರಹಾಮ್‌ನ 1908ರ ಮಕ್ಕಳ ಕಾದಂಬರಿ ‘ದಿ ವಿಂಡ್ ಇನ್ ದಿ ವಿಲೋಸ್’ನ ತುಂಟ ಕಪ್ಪೆಯನ್ನು ಆಧರಿಸಿದ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ ಫ್ಲೋರಿಡಾದಲ್ಲಿ 1971ರಿಂದ ಇತ್ತು. ಅದನ್ನು ತೆಗೆದು ವಿನ್ನಿ ದ ಪೂ ಕರಡಿಯ ರೈಡ್ ತರುತ್ತಾರೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಉದ್ಯಾನದೊಳಗೇ ಕಪ್ಪೆಯ ಪರವಾಗಿ ಪ್ರತಿಭಟನೆ ನಡೆಸಿದರು. 1960ರ ದಶಕದ ಧರಣಿಗಳನ್ನು ನೆನಪಿಸುವಂತೆ ಅದಕ್ಕೆ ‘ಟೋಡ್-ಇನ್’ ಎಂದು ಹೆಸರಿಟ್ಟರು. 1998ರ ಸೆಪ್ಟೆಂಬರ್‌ನಲ್ಲಿ ರೈಡ್ ಮುಚ್ಚಿತು. ಹೊಸ ರೈಡಿನ ಒಂದು ಗೋಡೆಯ ಮೇಲೆ, ಕಪ್ಪೆಯು ಮನೆಯ ಹಕ್ಕುಪತ್ರವನ್ನು ಗೂಬೆಗೆ ಒಪ್ಪಿಸುತ್ತಿರುವ ಸಣ್ಣ ಚಿತ್ರವೊಂದಿದೆ. ಸೋತವರಿಗೆ ಗೆದ್ದವರು ಸಲ್ಲಿಸಿದ ಗೌರವ ಅದು.

ಅದೇ ವರ್ಷ ಫ್ಲೋರಿಡಾದ ಟಿಕಿ ರೂಮ್‌ನ ಹಾಡುವ ಯಂತ್ರಪಕ್ಷಿಗಳ ಪ್ರದರ್ಶನಕ್ಕೆ ‘ಅಲಾದಿನ್’ ಮತ್ತು ‘ಲಯನ್ ಕಿಂಗ್’ ಚಿತ್ರಗಳ ಹಕ್ಕಿಗಳನ್ನು ತಂದು ಕೂರಿಸಿದರು. ಹಳೆಯ ಪ್ರದರ್ಶನವನ್ನೇ ಗೇಲಿ ಮಾಡುವ ಈ ಹೊಸ ಆವೃತ್ತಿಯನ್ನು ಹಳಬರು ಸಹಿಸಲಿಲ್ಲ. 2011ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿತ್ತು. ದುರಸ್ತಿಯ ನಂತರ ಹಿಂತಿರುಗಿದ್ದು ಹಳೆಯ ಹಾಡು, ಹಳೆಯ ಹಕ್ಕಿಗಳು. ಹೊಸದು ಸುಟ್ಟು ಹಳತು ಮರಳಿದ ಅಪರೂಪದ ಪ್ರಸಂಗ ಇದು.

ಇವೆರಡೂ ರುಚಿಯ ಜಗಳಗಳು. ‘ಪೈರೇಟ್ಸ್ ಆಫ್ ದ ಕೆರಿಬಿಯನ್’ ರೈಡಿನಲ್ಲಿ ಪ್ರಶ್ನೆ ಬೇರೆಯಾಯಿತು. ವಾಲ್ಟ್ ತೀರಿದ ಮೂರು ತಿಂಗಳಿಗೆ, 1967ರ ಮಾರ್ಚ್‌ನಲ್ಲಿ ತೆರೆದ ಈ ರೈಡಿನಲ್ಲಿ ಕಡಲ್ಗಳ್ಳರು ಊರಿನ ಹೆಂಗಸರನ್ನು ಹಗ್ಗದಲ್ಲಿ ಕಟ್ಟಿ ಹರಾಜು ಹಾಕುವ ದೃಶ್ಯವಿತ್ತು. ಹೆಂಗಸರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವಿತ್ತು. ಎರಡೂ ನಗುವಿಗಾಗಿಯೇ ಇದ್ದವು. ಕ್ಯಾಲಿಫೋರ್ನಿಯಾದಲ್ಲಿ 1997ರಲ್ಲಿ ಹೆಂಗಸರ ಕೈಗೆ ತಿಂಡಿಯ ತಟ್ಟೆ ಕೊಟ್ಟು, ಕಳ್ಳರು ಬೆನ್ನು ಹತ್ತಿದ್ದು ಊಟಕ್ಕಾಗಿ ಎಂಬಂತೆ ಮಾಡಿದರು. 2018ರಲ್ಲಿ ಅಮೆರಿಕದ ಎರಡೂ ಉದ್ಯಾನಗಳಲ್ಲಿ ಹರಾಜಿನ ದೃಶ್ಯ ಬದಲಾಯಿತು. ಮಾರಾಟಕ್ಕೆ ನಿಂತಿದ್ದ ಕೆಂಪುಕೂದಲಿನ ಹೆಣ್ಣು ಈಗ ತಾನೇ ಕಡಲ್ಗಳ್ಳಿ. ಹರಾಜಾಗುವುದು ಊರವರ ಸಾಮಾನು. ವಾಲ್ಟ್ ತಾನೇ ನಿಂತು ರೂಪಿಸಿದ ಕೊನೆಯ ರೈಡುಗಳಲ್ಲಿ ಒಂದನ್ನು ಕೆಡಿಸಿದರು ಎಂದು ಒಂದು ಗುಂಪು ಕೋಪಗೊಂಡಿತು. ಹೆಣ್ಣಿನ ಹರಾಜನ್ನು ಮಕ್ಕಳಿಗೆ ತೋರಿಸಿ ನಗಿಸುವುದೇನು ಎಂದು ಇನ್ನೊಂದು ಗುಂಪು ಕೇಳಿತು. ಇದೇ ರೈಡನ್ನು ಆಧರಿಸಿದ ಸಿನಿಮಾ ಗೆದ್ದ ಮೇಲೆ, 2006ರಲ್ಲಿ, ಜಾಕ್ ಸ್ಪ್ಯಾರೋನ ಗೊಂಬೆಗಳು ರೈಡಿನೊಳಗೆ ಬಂದು ಕೂತಿದ್ದವು. ಅದರ ನಂತರ ಹುಟ್ಟಿದ ಮಗುವಿಗೆ ಸ್ಪ್ಯಾರೋ ಇಲ್ಲದ ರೈಡೇ ಅಪೂರ್ಣ. ಹೀಗೆ ‘ಮೂಲ’ ಎಂಬುದು ಬಹುಮಟ್ಟಿಗೆ ನೋಡಿದವರ ಬಾಲ್ಯದ ಇಸವಿ.

ಸ್ಪ್ಲ್ಯಾಶ್ ಮೌಂಟನ್ ಈ ಚರಿತ್ರೆಯಲ್ಲೇ ಅತ್ಯಂತ ಜಟಿಲವಾದ ಪ್ರಸಂಗ. ಅದನ್ನು ಅರಿಯಲು ಒಂದೊಂದೇ ಪದರವನ್ನು ಬಿಡಿಸಬೇಕು.

ಮೇಲಿನ ಪದರ 1989ರದು. ಕ್ಯಾಲಿಫೋರ್ನಿಯಾದ ರೈಡ್ ತೆರೆದದ್ದು ಆ ವರ್ಷ. ಫ್ಲೋರಿಡಾ ಮತ್ತು ಟೋಕಿಯೊದಲ್ಲಿ 1992ರಲ್ಲಿ. ಇದರ ಕಲ್ಪನೆ ವಿನ್ಯಾಸಕ ಟೋನಿ ಬ್ಯಾಕ್ಸ್ಟರ್‌ನದು. ಜನ ಹೆಚ್ಚಾಗಿ ಸುಳಿಯದ ಮೂಲೆಯೊಂದಕ್ಕೆ ಕಳೆ ಬರಬೇಕಿತ್ತು. ‘ಅಮೆರಿಕ ಸಿಂಗ್ಸ್’ ಎಂಬ ಪ್ರದರ್ಶನ ಸೊರಗಿತ್ತು. ಅದರ ಯಂತ್ರಪ್ರಾಣಿಗಳಿಗೆ ಹೊಸ ಮನೆ ಬೇಕಿತ್ತು. ಹೆಸರು ಬಂದದ್ದೂ ಡಿಸ್ನಿಯದೇ ‘ಸ್ಪ್ಲ್ಯಾಶ್’ ಎಂಬ 1984ರ ಸಿನಿಮಾದಿಂದ, ಅಂದಿನ ಮುಖ್ಯಸ್ಥ ಮೈಕೆಲ್ ಐಸ್ನರ್‌ನ ಸಲಹೆಯ ಮೇರೆಗೆ. ಅಂದರೆ ಮುಂದೆ ‘ಮುಟ್ಟಬೇಡಿ’ ಎಂದು ಜನ ಕಾವಲು ನಿಂತ ಈ ರೈಡ್ ಹುಟ್ಟಿದ್ದೇ ಇನ್ನೊಂದು ಹಳೆಯ ಪ್ರದರ್ಶನವನ್ನು ಬಿಚ್ಚಿ ತೆಗೆದ ಗೊಂಬೆಗಳಿಂದ.

ಅದರ ಕಥೆ ಬ್ರೇರ್ ರ‍್ಯಾಬಿಟ್ ಎಂಬ ಮೊಲದ್ದು. ನರಿ ಮತ್ತು ಕರಡಿ ಮೊಲವನ್ನು ಹಿಡಿಯುತ್ತವೆ. ಬೇಕಾದರೆ ಸುಟ್ಟುಬಿಡಿ, ನೇಣು ಹಾಕಿ, ಆದರೆ ಆ ಮುಳ್ಳುಪೊದೆಗೆ ಮಾತ್ರ ಎಸೆಯಬೇಡಿ ಎಂದು ಮೊಲ ಗೋಗರೆಯುತ್ತದೆ. ಹೆಚ್ಚು ನೋವಾಗಲಿ ಎಂದು ನರಿ ಅಲ್ಲಿಗೇ ಎಸೆಯುತ್ತದೆ. ಮುಳ್ಳುಪೊದೆಯೇ ಮೊಲ ಹುಟ್ಟಿ ಬೆಳೆದ ಮನೆ! ರೈಡಿನ ಕೊನೆಯ ಧುಮುಕು ಮೊಲದ ಆ ಹಾರಾಟವೇ ಆಗಿತ್ತು.

ಕೆಳಗಿನ ಪದರ 1946ರ ‘ಸಾಂಗ್ ಆಫ್ ದ ಸೌತ್’ ಸಿನಿಮಾ. ಮೊಲದ ಕಥೆಗಳನ್ನು ಬಿಳಿಯ ಹುಡುಗನೊಬ್ಬನಿಗೆ ಹೇಳುವ ಅಂಕಲ್ ರೀಮಸ್ ಎಂಬ ಕಪ್ಪು ಮುದುಕನ ಪಾತ್ರ ಮಾಡಿದವನು ಜೇಮ್ಸ್ ಬ್ಯಾಸ್ಕೆಟ್. ಸಿನಿಮಾದ ಮೊದಲ ಪ್ರದರ್ಶನ ಅಟ್ಲಾಂಟಾ ನಗರದಲ್ಲಿ ನಡೆದಾಗ, ಅಲ್ಲಿನ ವರ್ಣಭೇದದ ಕಟ್ಟಳೆಗಳಿಂದಾಗಿ ನಾಯಕನಟನೇ ಹಾಜರಿರಲಿಲ್ಲ. 1948ರಲ್ಲಿ ಅವನಿಗೆ ಗೌರವ ಆಸ್ಕರ್ ಸಂದಿತು. ಅದೇ ವರ್ಷ ತೀರಿಕೊಂಡ. ಸಿನಿಮಾದ ಕಲೆಗಾರಿಕೆಯನ್ನು ಒಪ್ಪಿಕೊಂಡೂ, ಒಡೆಯ ಮತ್ತು ಆಳಿನ ಸಂಬಂಧವನ್ನು ಸುಂದರ ಬಾಳ್ವೆಯಂತೆ ತೋರಿಸಿದ್ದನ್ನು ಕಪ್ಪುಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆಗಲೇ ಖಂಡಿಸಿತ್ತು. ಅಮೆರಿಕದ ಚಿತ್ರಮಂದಿರಗಳಲ್ಲಿ ಅದು ಕೊನೆಯ ಬಾರಿ ಬಂದದ್ದು 1986ರಲ್ಲಿ. ಅಲ್ಲಿ ಅದರ ವಿಡಿಯೊವನ್ನು ಡಿಸ್ನಿ ಎಂದೂ ಬಿಡುಗಡೆ ಮಾಡಲಿಲ್ಲ. ಹಾಗಾಗಿ ರೈಡ್ ನೋಡಿ ಬೆಳೆದ ತಲೆಮಾರಿಗೆ ಮೊಲ ಗೊತ್ತು, ಹಾಡು ಗೊತ್ತು, ಸಿನಿಮಾ ಗೊತ್ತಿಲ್ಲ.

ಇನ್ನೂ ಕೆಳಗೆ 1880ರಲ್ಲಿ ಪ್ರಕಟವಾದ ಪುಸ್ತಕವಿದೆ. ಅದರ ಲೇಖಕ ಜೋಯೆಲ್ ಚಾಂಡ್ಲರ್ ಹ್ಯಾರಿಸ್, ಜಾರ್ಜಿಯಾ ರಾಜ್ಯದ ಈಟನ್‌ಟನ್ ಊರಿನವನು. ಅಂತರ್ಯುದ್ಧದ ದಿನಗಳಲ್ಲಿ ಟರ್ನ್‌ವೋಲ್ಡ್ ಎಂಬ ತೋಟದ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಈ ಬಡ ಬಿಳಿಯ ಹುಡುಗ ಅಲ್ಲಿನ ಗುಲಾಮರ ಬಾಯಿಂದ ಕಥೆಗಳನ್ನು ಕೇಳಿದ. ಮುಂದೆ ಪತ್ರಕರ್ತನಾಗಿ ಅವನ್ನು ಬರೆದ. ಕಥೆಗಳ ಜೊತೆಗೆ ಒಬ್ಬ ಹೇಳುಗನನ್ನೂ ಸೃಷ್ಟಿಸಿದ: ಹಳೆಯ ಒಡೆಯರ ಮನೆಯಲ್ಲಿ ಸುಖವಾಗಿರುವ, ಹಿಂದಿನ ದಿನಗಳೇ ಚೆನ್ನಾಗಿದ್ದವು ಎನ್ನುವ ಮುದುಕ ರೀಮಸ್. ಯುದ್ಧದಲ್ಲಿ ಸೋತ ದಕ್ಷಿಣದ ಬಿಳಿಯರಿಗೆ, ಉತ್ತರದ ಓದುಗರಿಗೂ, ಈ ಮುದುಕ ಹಿತವಾಗಿದ್ದ. 2020ರಲ್ಲಿ ಜನ ತಮ್ಮ ಬಾಲ್ಯಕ್ಕಾಗಿ ಹಂಬಲಿಸಿದರು ಎನ್ನುವಾಗ ಇದು ನೆನಪಿರಬೇಕು. ಆ ಹಂಬಲದ ತಳದಲ್ಲಿ 1880ರ ಇನ್ನೊಂದು ಹಂಬಲ ಹೂತುಹೋಗಿತ್ತು.

ಎಲ್ಲಕ್ಕಿಂತ ಕೆಳಗಿರುವುದು ಗುಲಾಮರ ಗುಡಿಸಲುಗಳ ಕಥೆ. ಅದಕ್ಕೆ ಇಸವಿಯಿಲ್ಲ. ಆಫ್ರಿಕಾದ ಜಾಣಮೊಲದ ಕಥೆಗಳು ಹಡಗಿನ ತಳದಲ್ಲಿ ಸರಪಳಿ ತೊಟ್ಟವರ ಜೊತೆ ಕಡಲು ದಾಟಿದವು. ಬಲವಿಲ್ಲದ ಪ್ರಾಣಿ ಬುದ್ಧಿಯಿಂದ ಬಲಶಾಲಿಯನ್ನು ಸೋಲಿಸುವ ಈ ಕಥೆಗಳನ್ನು ಅವರು ಯಾಕೆ ಹೇಳಿಕೊಳ್ಳುತ್ತಿದ್ದರು ಎಂಬುದನ್ನು ವಿವರಿಸಬೇಕಿಲ್ಲ. ಹ್ಯಾರಿಸ್ ಕೂಡ ತನ್ನ ಮುನ್ನುಡಿಯಲ್ಲಿ ಅದನ್ನು ಗುರುತಿಸಿದ್ದ. ಸಿಂಹಕ್ಕೆ ಬಾವಿಯಲ್ಲಿ ಅದರದೇ ನೆರಳು ತೋರಿಸಿ ಮುಳುಗಿಸಿದ ಪಂಚತಂತ್ರದ ಮೊಲವನ್ನು ಬಲ್ಲ ಕನ್ನಡ ಓದುಗರಿಗೆ ಈ ಮೊಲ ಅಪರಿಚಿತವೇನಲ್ಲ. ಮೊಲ ಟಾರಿನ ಗೊಂಬೆಯನ್ನು ಹೊಡೆದು ಕೈಕಾಲು ಅಂಟಿಸಿಕೊಳ್ಳುವ ಅತಿ ಪ್ರಸಿದ್ಧ ಕಥೆಗಂತೂ ಜಾನಪದ ವಿದ್ವಾಂಸ ಜೋಸೆಫ್ ಜೇಕಬ್ಸ್ 1892ರಲ್ಲೇ ಭಾರತದ ಮೂಲವನ್ನು ಸೂಚಿಸಿದ್ದ. ಜಾತಕ ಕಥೆಯೊಂದರಲ್ಲಿ ಪಂಚಾಯುಧ ಎಂಬ ರಾಜಕುಮಾರ ಅಂಟುಗೂದಲಿನ ರಾಕ್ಷಸನಿಗೆ ಹೀಗೆಯೇ ಕೈ, ಕಾಲು, ತಲೆ ಅಂಟಿಸಿಕೊಳ್ಳುತ್ತಾನೆ. ಆ ವಾದವನ್ನು ಎಲ್ಲರೂ ಒಪ್ಪಿಲ್ಲ. ಕಥೆಗೆ ಕಾಲಿಲ್ಲ ಎನ್ನುತ್ತೇವೆ. ಕಾಲಿಲ್ಲದ್ದು ಎಲ್ಲೆಲ್ಲಿಗೋ ಹೋಗಿಬರುತ್ತದೆ.

ಈ ಪದರಗಳನ್ನು ನೋಡಿದ ಮೇಲೆ ರೈಡಿನ ಎರಡು ವಿವರಗಳು ಬೇರೆಯಾಗಿ ಕಾಣುತ್ತವೆ. ಒಂದು, ಅದರಲ್ಲಿ ಟಾರಿನ ಗೊಂಬೆ ಇರಲಿಲ್ಲ. ಆ ಪದ ಕಪ್ಪುಜನರ ಮೇಲಿನ ಬೈಗುಳವೂ ಆಗಿತ್ತು. ರೈಡಿನ ಮೊಲ ಅಂಟಿಕೊಂಡದ್ದು ಜೇನಿಗೆ. ಎರಡು, ಅಂಕಲ್ ರೀಮಸ್ ಎಲ್ಲಿಯೂ ಇರಲಿಲ್ಲ. ಫ್ಲೋರಿಡಾದಲ್ಲಿ ಕಥೆ ಹೇಳುತ್ತಿದ್ದದ್ದು ಒಂದು ಕಪ್ಪೆ. ವಿನ್ಯಾಸಕರು ವಿವಾದವನ್ನು ಮೊದಲೇ ಅರಿತು ಮನುಷ್ಯರನ್ನೇ ಕೈಬಿಟ್ಟಿದ್ದರು. ಅಭಿಮಾನಿಗಳು ‘ಮೂಲ’ ಎಂದು ಕರೆದದ್ದು ಆಗಲೇ ತಿದ್ದಿದ ಪ್ರತಿಯಾಗಿತ್ತು.

2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ನಂತರ ಅಮೆರಿಕದ ಬೀದಿಗಳು ಉರಿದವು. ರೈಡ್ ಬದಲಿಸಿ ಎಂಬ ಮನವಿಗೂ ಉಳಿಸಿ ಎಂಬ ಮನವಿಗೂ ಸಾವಿರಾರು ಸಹಿಗಳು ಬಿದ್ದವು. ಜೂನ್ 25ರಂದು ಡಿಸ್ನಿ ತನ್ನ ತೀರ್ಮಾನ ಪ್ರಕಟಿಸಿತು. 2009ರ ‘ದಿ ಪ್ರಿನ್ಸೆಸ್ ಅಂಡ್ ದ ಫ್ರಾಗ್’ ಚಿತ್ರದ ಟಿಯಾನಾ, ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ, ಇನ್ನು ಆ ಬೆಟ್ಟದ ಒಡತಿ. ಈ ಕೆಲಸ ಹಿಂದಿನ ವರ್ಷವೇ ಶುರುವಾಗಿತ್ತು ಎಂದೂ ಕಂಪನಿ ಹೇಳಿತು.

ಉಳಿಸಬೇಕೆಂದವರ ವಾದವನ್ನು ಜನಾಂಗದ್ವೇಷ ಎಂದು ತಳ್ಳಿಹಾಕುವುದು ಸರಿಯಲ್ಲ. ರೈಡಿನಲ್ಲಿ ಮನುಷ್ಯರೇ ಇಲ್ಲ, ಅವಮಾನವೆಲ್ಲಿದೆ ಎಂದು ಅವರು ಕೇಳಿದರು. ಸಿನಿಮಾ ನೋಡದ ಮಕ್ಕಳಿಗೆ ಅದರ ಪಾಪ ಅಂಟುವುದು ಹೇಗೆ ಎಂದರು. ಟಿಯಾನಾಳ ನ್ಯೂ ಆರ್ಲಿಯನ್ಸ್‌ಗೂ ಫ್ಲೋರಿಡಾ ಉದ್ಯಾನದ ಆ ಭಾಗದ ಗಡಿನಾಡಿನ ಕಲ್ಪನೆಗೂ ಏನು ಸಂಬಂಧ ಎಂಬುದು ವಿನ್ಯಾಸದ ಪ್ರಶ್ನೆಯಾಗಿ ನ್ಯಾಯವಾದದ್ದೇ. ಬದಲಿಸಬೇಕೆಂದವರ ಉತ್ತರವೂ ಬಲವಾಗಿತ್ತು. ನೋಡಲು ಕೊಡಲಾಗದಷ್ಟು ನಾಚಿಕೆ ತರುವ ಸಿನಿಮಾದ ಹಾಡನ್ನು ಬೆಟ್ಟದ ತುಂಬ ನುಡಿಸುವುದು ಯಾವ ನ್ಯಾಯ? ನಿಮ್ಮ ಬಾಲ್ಯದ ಸಿಹಿ ನೆನಪಿಗೆ ಇನ್ನೊಬ್ಬರ ಅಜ್ಜಿಯ ಗಾಯ ಬೆಲೆಯಾಗಬೇಕೆ?

ನನ್ನ ಮಟ್ಟಿಗೆ ಎರಡನೆಯ ವಾದದ ತೂಕ ಹೆಚ್ಚು. ನ್ಯೂ ಆರ್ಲಿಯನ್ಸ್‌ನ ಪ್ರಸಿದ್ಧ ಬಾಣಸಿಗ ಲೀಯಾ ಚೇಸ್‌ಳ ಬದುಕಿನಿಂದ ಸ್ಫೂರ್ತಿ ಪಡೆದ, ದುಡಿದು ಮೇಲೆ ಬಂದ ಕಪ್ಪು ಹೆಣ್ಣೊಬ್ಬಳು ಅಲ್ಲಿ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಈ ಗೆಲುವಿನಲ್ಲಿ ಒಂದು ನಷ್ಟವೂ ಇದೆ. ಅದನ್ನು ಎರಡೂ ಬಣಗಳು ಹೆಚ್ಚಾಗಿ ಗಮನಿಸಲಿಲ್ಲ. 1946ರಲ್ಲಿ ಒಡೆಯನ ಕೈಗೊಂಬೆಯಂತೆ ಕಂಡ ಕಥೆಗಾರ 1989ರಲ್ಲಿ ಕಾಣೆಯಾದ. ಈಗ ಅವನ ಕಥೆಯೂ ಹೋಯಿತು. ಆದರೆ ಮೊಲ ಹ್ಯಾರಿಸ್‌ನ ಸ್ವತ್ತಲ್ಲ, ಡಿಸ್ನಿಯದ್ದೂ ಅಲ್ಲ. ನಾಚಿಕೆಪಡಬೇಕಾದದ್ದು ಕಥೆಗೆ ಹಾಕಿದ ಚೌಕಟ್ಟಿನ ಬಗ್ಗೆ. ಚೌಕಟ್ಟು ಮುರಿಯುವಾಗ ಚಿತ್ರವನ್ನೂ ಎಸೆದಂತಾಯಿತು.

ಇದನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ನೋವಿನಿಂದ ಹೇಳಿದವಳು ಕಾದಂಬರಿಕಾರ್ತಿ ಆಲಿಸ್ ವಾಕರ್. ಅವಳೂ ಈಟನ್‌ಟನ್ನಿನವಳೇ. ಮನೆಯಲ್ಲಿ ತಂದೆತಾಯಿಯರಿಂದ ಈ ಕಥೆಗಳನ್ನು ಕೇಳಿ ಬೆಳೆದವಳು, ಊರಿನ ಚಿತ್ರಮಂದಿರದಲ್ಲಿ ಆ ಸಿನಿಮಾ ನೋಡಿದ ಮೇಲೆ ಅವು ತಮ್ಮವಾಗಿ ಉಳಿಯಲಿಲ್ಲ ಎಂದು 1981ರ ಸುಮಾರಿಗೆ ಬರೆದಳು. ಹ್ಯಾರಿಸ್ ತನ್ನ ಪರಂಪರೆಯನ್ನು ಕದ್ದದ್ದು, ಅದರ ಬಗ್ಗೆ ತನ್ನಲ್ಲೇ ನಾಚಿಕೆ ಹುಟ್ಟಿಸುವ ಮೂಲಕ ಎಂಬುದು ಅವಳ ಆರೋಪ. ಕದ್ದದ್ದನ್ನು ಹಿಂದಕ್ಕೆ ತರುವ ಕೆಲಸವೂ ನಡೆದಿದೆ. ಜೋರಾ ನೀಲ್ ಹರ್ಸ್ಟನ್ ಕಪ್ಪುಜನರ ಕಥೆಗಳನ್ನು ಅವರ ಜಗಲಿಯಲ್ಲೇ ಕೂತು ಸಂಗ್ರಹಿಸಿ 1935ರಲ್ಲಿ ‘ಮ್ಯೂಲ್ಸ್ ಅಂಡ್ ಮೆನ್’ ಪ್ರಕಟಿಸಿದಳು. ಜೂಲಿಯಸ್ ಲೆಸ್ಟರ್ 1987ರಲ್ಲಿ ರೀಮಸ್‌ನ ಕಥೆಗಳನ್ನೇ ಎತ್ತಿಕೊಂಡು, ತೋಟದ ಒಡೆಯರ ಮನೆಯ ಹುಡುಗನನ್ನು ಕೈಬಿಟ್ಟು, ಕಪ್ಪು ಕಥೆಗಾರನ ದನಿಯಲ್ಲಿ ಮತ್ತೆ ಹೇಳಿದ. ಉಳಿಸು ಅಥವಾ ಅಳಿಸು ಎಂಬ ಎರಡರ ಆಚೆಗೆ ಮೂರನೆಯ ದಾರಿಯೊಂದು ಇತ್ತು ಎಂಬುದಕ್ಕೆ ಈ ಪುಸ್ತಕ ಸಾಕ್ಷಿ. ಆ ದಾರಿ ಇದ್ದದ್ದು ಕಥೆಯನ್ನು ಅದರ ವಾರಸುದಾರರ ಬಾಯಿಗೆ ಮರಳಿಸುವುದರಲ್ಲಿ.

‘ಟಿಯಾನಾಸ್ ಬಾಯೂ ಅಡ್ವೆಂಚರ್’ 2024ರಲ್ಲಿ ಜೂನ್ 28ರಂದು ಫ್ಲೋರಿಡಾದಲ್ಲಿ, ನವೆಂಬರ್ 15ರಂದು ಕ್ಯಾಲಿಫೋರ್ನಿಯಾದಲ್ಲಿ ತೆರೆಯಿತು. ಅದೇ ಕಾಲುವೆ, ಅದೇ ಧುಮುಕು. ಹಬ್ಬಕ್ಕೆ ವಾದ್ಯಗಾರರನ್ನು ಹುಡುಕುವುದು ಅದರ ಕಥೆ. ಖಳನಿಲ್ಲ, ಅಪಾಯವಿಲ್ಲ, ಹಾಗಾದರೆ ದೋಣಿ ಧುಮುಕುವುದಾದರೂ ಯಾಕೆ ಎಂದು ಗೊಣಗುವವರಿದ್ದಾರೆ. ಅದೇ ಹೊತ್ತಿಗೆ, ಅದನ್ನೇ ಮೊದಲ ರೈಡಾಗಿ ನೋಡಿದ ಮಕ್ಕಳೂ ಇದ್ದಾರೆ. ಮೂವತ್ತು ವರ್ಷ ಕಳೆದ ಮೇಲೆ ಅದನ್ನು ಬದಲಿಸಲು ಹೊರಟರೆ ಅಡ್ಡ ನಿಲ್ಲುವವರು ಅವರೇ. ಟೋಕಿಯೊದಲ್ಲಿ ಮಾತ್ರ ಹಳೆಯ ರೈಡ್ ಹಾಗೆಯೇ ಓಡುತ್ತಿದೆ. ಜಾರ್ಜಿಯಾದ ತೋಟಗಳಿಂದ ಅಷ್ಟು ದೂರದಲ್ಲಿ, ಹೇಳುವವರ ಹೆಸರಿಲ್ಲದ ಆ ಮೊಲವನ್ನು ಈಗಲೂ ದಿನವಿಡೀ ಮುಳ್ಳುಪೊದೆಗೆ ಎಸೆಯುತ್ತಾರೆ. ಅದು ಮತ್ತೆ ಮತ್ತೆ ತಪ್ಪಿಸಿಕೊಳ್ಳುತ್ತದೆ.