ಗುಮ್ಮ ಬಂದ ಬೀದಿ

ಹೆದರಿಕೆಯ ಮನೆಗೆ ಸಿನಿಮಾದಲ್ಲಿ ಬಹುಕಾಲ ಒಂದೇ ವಿಳಾಸವಿತ್ತು. ಊರಾಚೆಯ ಗುಡ್ಡ, ಅದರ ನೆತ್ತಿಯ ಮೇಲೆ ಕೋಟೆಯಂಥ ಕಟ್ಟಡ, ಕಿರುಗುಟ್ಟುವ ಬಾಗಿಲು, ಬಾವಲಿ, ಸಿಡಿಲು. ಡ್ರಾಕುಲಾ ಇದ್ದದ್ದು ದೂರದ ಟ್ರಾನ್ಸಿಲ್ವೇನಿಯಾದಲ್ಲಿ. 1960ರಲ್ಲಿ ಹಿಚ್‌ಕಾಕ್ ‘ಸೈಕೋ’ ಮಾಡಿದಾಗಲೂ ಮನೆ ನಿಂತದ್ದು ಜನಸಂಚಾರ ತಪ್ಪಿದ ರಸ್ತೆಯ ಬದಿಯ ದಿಬ್ಬದ ಮೇಲೆ, ಒಂಟಿಯಾಗಿ. ಪ್ರೇಕ್ಷಕ ಅಲ್ಲಿಗೆ ಹೋಗಿ, ಹೆದರಿ, ಸುರಕ್ಷಿತವಾಗಿ ತನ್ನ ಬೀದಿಗೆ ಮರಳುತ್ತಿದ್ದ. 1978ರಲ್ಲಿ ಬಂದ ‘ಹ್ಯಾಲೊವೀನ್’ ಎಂಬ ಅಗ್ಗದ ಚಿತ್ರ ಆ ಮರಳುವ ದಾರಿಯನ್ನೇ ಮುಚ್ಚಿತು. ಅದರ ಹಾಳು ಮನೆ ಇರುವುದು ಹುಲ್ಲುಹಾಸು, ಅಂಚೆ ಡಬ್ಬಿ, ಸಾಲುಮರಗಳ ಸಾಧಾರಣ ಬಡಾವಣೆಯಲ್ಲಿ, ಅಕ್ಕಪಕ್ಕದ ಮನೆಗಳ ನಡುವೆ. ಅದರ ಮುಂದೆಯೇ ಮಕ್ಕಳು ಶಾಲೆಗೆ ಹೋಗುತ್ತಾರೆ.

ಕಥೆ ಒಂದೆರಡು ವಾಕ್ಯಗಳಲ್ಲಿ ಮುಗಿಯುವಂಥದು. ಇಲಿನಾಯ್ ರಾಜ್ಯದ ಹ್ಯಾಡನ್‌ಫೀಲ್ಡ್ ಎಂಬ ಕಲ್ಪಿತ ಊರು. 1963ರ ಅಕ್ಟೋಬರ್ 31ರ ರಾತ್ರಿ ಆರು ವರ್ಷದ ಮೈಕೆಲ್ ಮೈಯರ್ಸ್ ಎಂಬ ಬಾಲಕ ಅಡುಗೆಮನೆಯ ಚೂರಿಯಿಂದ ತನ್ನ ಅಕ್ಕನನ್ನು ಕೊಲ್ಲುತ್ತಾನೆ. ಹದಿನೈದು ವರ್ಷಗಳ ನಂತರ ಮನೋರೋಗಿಗಳ ಆಸ್ಪತ್ರೆಯಿಂದ ತಪ್ಪಿಸಿಕೊಂಡು, ಪಾಳುಬಿದ್ದ ತನ್ನ ಹಳೆಯ ಮನೆಗೆ ಹಿಂತಿರುಗುತ್ತಾನೆ. ಅದೇ ಊರಿನ ಲಾರಿ ಸ್ಟ್ರೋಡ್ ಎಂಬ ಹದಿನೇಳರ ಹುಡುಗಿಯ ತಂದೆ ಮನೆ ಮಾರಿಸಿಕೊಡುವ ಏಜೆಂಟ್. ಶಾಲೆಗೆ ಹೋಗುವ ದಾರಿಯಲ್ಲಿ ಆ ಹಾಳು ಮನೆಯ ಬಾಗಿಲಲ್ಲಿ ಬೀಗದಕೈ ಇಟ್ಟು ಹೋಗೆಂದು ಮಗಳಿಗೆ ಹೇಳಿರುತ್ತಾನೆ. ಆಕೆ ಕಾಲೊರಸಿನ ಕೆಳಗೆ ಬೀಗದಕೈ ಇಡುವುದನ್ನು ಒಳಗಿನ ಕತ್ತಲೆಯಿಂದ ಯಾರೋ ನೋಡುತ್ತಾರೆ. ಶಾಪವಿಲ್ಲ, ಹಳೆಯ ದ್ವೇಷವಿಲ್ಲ, ಆಕೆ ಮಾಡಿದ ತಪ್ಪೂ ಇಲ್ಲ. ಅಪ್ಪ ಹೇಳಿದ ಒಂದು ಸಣ್ಣ ಕೆಲಸ ಮಾಡಿದಳು, ಅಷ್ಟೆ.

ಅಕ್ಟೋಬರ್ 31 ಅಮೆರಿಕದಲ್ಲಿ ‘ಹ್ಯಾಲೊವೀನ್’ ಹಬ್ಬ. ಮಕ್ಕಳು ದೆವ್ವ, ಮಾಟಗಾತಿಯರ ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಕುಂಬಳಕಾಯಿಯಲ್ಲಿ ಕಣ್ಣು, ಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆ. ಮುಖವಾಡ ತೊಟ್ಟವನನ್ನು ಯಾರೂ ಯಾರೆಂದು ಕೇಳದ ವರ್ಷದ ಏಕೈಕ ರಾತ್ರಿ ಅದು. ಕೊಲೆಗಾರನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ಚಿತ್ರದ ಮೂಲ ಯೋಚನೆ ನಿರ್ದೇಶಕನದಲ್ಲ, ವಿತರಕ ಇರ್ವಿನ್ ಯಾಬ್ಲಾನ್ಸ್‌ನದು. ಅಮೆರಿಕದ ಮಧ್ಯಮ ವರ್ಗದ ತಂದೆತಾಯಿ ಸಂಜೆ ಹೊರಗೆ ಹೋಗುವಾಗ ನೆರೆಯ ಹದಿಹರೆಯದ ಹುಡುಗಿಯನ್ನು ಗಂಟೆಗಿಷ್ಟು ಎಂದು ಗೊತ್ತುಮಾಡಿ ಮಕ್ಕಳನ್ನು ಒಪ್ಪಿಸಿ ಹೋಗುವುದು ರೂಢಿ. ಈ ಕೆಲಸ ಮಾಡುವವಳೇ ಬೇಬಿ ಸಿಟ್ಟರ್. ಅಲ್ಲಿಯ ಪ್ರತಿಯೊಬ್ಬರೂ ಒಂದಲ್ಲ ಒಂದು ಕಾಲಕ್ಕೆ ಆ ಕೆಲಸ ಮಾಡಿದವರು, ಇಲ್ಲವೇ ಹಾಗೆ ನೋಡಿಕೊಳ್ಳಲ್ಪಟ್ಟ ಮಗು. ಆದ್ದರಿಂದ ಬೇಬಿ ಸಿಟ್ಟರುಗಳನ್ನು ಕೊಲೆಗಾರ ಬೆನ್ನಟ್ಟುವ ಕಥೆ ಎಲ್ಲರಿಗೂ ತಟ್ಟುತ್ತದೆಂಬುದು ಯಾಬ್ಲಾನ್ಸ್‌ನ ವ್ಯಾಪಾರಿ ಲೆಕ್ಕ. ಎಲ್ಲವೂ ಹಬ್ಬದ ಒಂದೇ ರಾತ್ರಿಯಲ್ಲಿ ನಡೆಯಲಿ ಎಂದು ಸೂಚಿಸಿದವನೂ ಅವನೇ. ಲೆಕ್ಕ ಒರಟಾದರೂ ಅದರೊಳಗೆ ಒಂದು ಸತ್ಯವಿತ್ತು. ಇನ್ನೂ ದೊಡ್ಡವಳಾಗದ ಹುಡುಗಿ, ಪರರ ಮನೆ, ನಂಬಿಕೆಯಿಂದ ಬಿಟ್ಟುಹೋದ ಮಕ್ಕಳು. ಹಿರಿಯರೆಲ್ಲ ಊರಿನಲ್ಲೇ ಇದ್ದರೂ ಇಲ್ಲದಂತೆಯೇ.

ಹಣ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಸಿರಿಯಾದ ಅಲೆಪ್ಪೋದಲ್ಲಿ ಹುಟ್ಟಿದ ಮುಸ್ತಫಾ ಅಕ್ಕಾಡ್, ಇಸ್ಲಾಂ ಧರ್ಮದ ಉದಯವನ್ನು ಕುರಿತ ‘ದಿ ಮೆಸೇಜ್’ ಚಿತ್ರವನ್ನು 1976ರಲ್ಲಿ ತೆರೆಗೆ ತಂದಿದ್ದ ನಿರ್ಮಾಪಕ, ನಿರ್ದೇಶಕ. ಲಿಬಿಯಾದ ಸ್ವಾತಂತ್ರ್ಯ ಹೋರಾಟಗಾರ ಒಮರ್ ಮುಖ್ತಾರ್‌ನನ್ನು ಕುರಿತ ಕೋಟ್ಯಂತರ ಡಾಲರುಗಳ ‘ಲಯನ್ ಆಫ್ ದ ಡೆಸರ್ಟ್’ ಅವನ ಮುಂದಿನ ಯೋಜನೆ. ಅಂಥವನ ಬಳಿಗೆ ಮೂವತ್ತರ ತರುಣ ಜಾನ್ ಕಾರ್ಪೆಂಟರ್ ಬಂದು ಕಥೆ ಹೇಳಿದ. ಕೇಳಿದ್ದು ಸುಮಾರು 3 ಲಕ್ಷ ಡಾಲರ್. ಹಾಲಿವುಡ್‌ನಲ್ಲಿ ಆ ಮೊತ್ತಕ್ಕೆ ಒಬ್ಬ ದೊಡ್ಡ ನಟನೂ ಸಿಗುತ್ತಿರಲಿಲ್ಲ. ಕಾರ್ಪೆಂಟರ್ ತನ್ನ ಸಂಭಾವನೆಯನ್ನು 10 ಸಾವಿರಕ್ಕೆ ಇಳಿಸಿಕೊಂಡು ಲಾಭದಲ್ಲಿ ಪಾಲು ಕೇಳಿದ್ದು ಅಕ್ಕಾಡ್‌ಗೆ ವಿಶ್ವಾಸ ಹುಟ್ಟಿಸಿತೆಂದು ಹೇಳುತ್ತಾರೆ. ತನ್ನ ಕೆಲಸದ ಮೇಲೆ ತಾನೇ ಪಣ ಕಟ್ಟುವವನಿಗೆ ಹಣ ಕೊಡಬಹುದು ಎಂಬುದು ಎಲ್ಲ ಊರಿನ ಸಾಹುಕಾರರ ನೀತಿಯೂ ಹೌದು.

ಚಿತ್ರೀಕರಣ ನಡೆದದ್ದು 1978ರ ವಸಂತದಲ್ಲಿ, ಸುಮಾರು ಇಪ್ಪತ್ತು ದಿನ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಕಥೆಯಲ್ಲಿ ಮಾತ್ರ ಎಲೆ ಉದುರುವ ಶರತ್ಕಾಲ! ಎಲೆಗಳಿಗೆ ಕಂದು ಬಣ್ಣ ಬಳಿದು ಚೀಲಗಳಲ್ಲಿ ತುಂಬಿಕೊಂಡು ಬಂದರು. ಬೀದಿಗೆ ಸುರಿದು ಒಂದು ದೃಶ್ಯ ತೆಗೆದ ಮೇಲೆ ಅವನ್ನು ಮತ್ತೆ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ಬೀದಿಗೆ ಹೊತ್ತರು. ಗಮನವಿಟ್ಟು ನೋಡಿದರೆ ‘ಇಲಿನಾಯ್’ ಮರಗಳ ಹಿಂದೆ ಕ್ಯಾಲಿಫೋರ್ನಿಯಾದ ತಾಳೆಮರಗಳು ಇಣುಕುತ್ತವೆ. ಕುಂಬಳಕಾಯಿ ಹುಡುಕುವುದೂ ಆ ಋತುವಿನಲ್ಲಿ ಕಷ್ಟವಾಯಿತು. ಮುಖವಾಡದ ಕಥೆ ಈಗ ಪ್ರಸಿದ್ಧ. ಕಲಾ ನಿರ್ದೇಶನದ ಹೊಣೆ ಹೊತ್ತಿದ್ದ ಟಾಮಿ ಲೀ ವಾಲೇಸ್ ಎರಡು ಡಾಲರಿಗೂ ಕಡಿಮೆ ಬೆಲೆಗೆ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ರಬ್ಬರ್ ಮುಖವಾಡ ತಂದ. ಹುಬ್ಬು ಕಿತ್ತು, ಕಣ್ಣಿನ ತೂತು ಅಗಲಿಸಿ, ಬಿಳಿ ಬಣ್ಣ ಸಿಂಪಡಿಸಿದ. ವಿಲಿಯಂ ಶಾಟ್ನರ್‌ನ ಚಹರೆ ಅಳಿಸಿಹೋಗಿ ಉಳಿದದ್ದು ಯಾರದೂ ಅಲ್ಲದ ಒಂದು ಮುಖ. ಅದನ್ನು ತೊಟ್ಟು ನಡೆದವನು ನಿರ್ದೇಶಕನ ಗೆಳೆಯ ನಿಕ್ ಕ್ಯಾಸಲ್, ದಿನಕ್ಕೆ 25 ಡಾಲರಿಗೆ. ಚಿತ್ರದ ಶೀರ್ಷಿಕೆಗಳಲ್ಲಿ ಆ ಪಾತ್ರಕ್ಕೆ ಹೆಸರೂ ಇಲ್ಲ, ‘ಆಕೃತಿ’ ಎಂದಷ್ಟೇ ಇದೆ.

ನಾಯಕಿ ಜೇಮಿ ಲೀ ಕರ್ಟಿಸ್‌ಗೆ ಆಗ ಹತ್ತೊಂಬತ್ತು. ಅದು ಅವಳ ಮೊದಲ ಚಲನಚಿತ್ರ. ‘ಸೈಕೋ’ದಲ್ಲಿ ಸ್ನಾನದ ಮನೆಯಲ್ಲಿ ಕೊಲೆಯಾದ ಜಾನೆಟ್ ಲೀಯ ಮಗಳು ಎಂಬುದು ಪ್ರಚಾರಕ್ಕೆ ಒದಗಿತು. ಆಕೆಗೆ ಕೊಟ್ಟದ್ದು 8 ಸಾವಿರ ಡಾಲರ್. ವೈದ್ಯ ಲೂಮಿಸ್‌ನ ಪಾತ್ರಕ್ಕೆ ಮೊದಲು ಕೇಳಿದ ಪೀಟರ್ ಕುಶಿಂಗ್, ಕ್ರಿಸ್ಟೊಫರ್ ಲೀ ಇಬ್ಬರೂ ಒಲ್ಲೆನೆಂದರು. ಒಪ್ಪಿದ ಡೊನಾಲ್ಡ್ ಪ್ಲೆಸೆನ್ಸ್ ಕೆಲವೇ ದಿನಗಳ ಕೆಲಸಕ್ಕೆ 20 ಸಾವಿರ ಪಡೆದ. ಇಡೀ ತಂಡದಲ್ಲಿ ಅವನೇ ದುಬಾರಿ.

ಹೀಗೆ ಕಾಸಿಗೆ ಕಾಸು ಗಂಟುಹಾಕಿದವರು ಒಂದು ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಅದು ಅಗಲ ಪರದೆಯ ಪ್ಯಾನಾವಿಷನ್. ಅಗ್ಗದ ಭಯಾನಕ ಚಿತ್ರಕ್ಕೆ ಇದೇಕೆ ಎಂದು ಕೇಳುವುದು ಸಹಜ. ಉತ್ತರ ಚಿತ್ರದಲ್ಲೇ ಇದೆ. ಅಗಲವಾದ ಚೌಕಟ್ಟಿನಲ್ಲಿ ಹುಡುಗಿ ಒಂದು ಬದಿಗೆ ನಿಂತರೆ ಇನ್ನೊಂದು ಬದಿ ಖಾಲಿ ಉಳಿಯುತ್ತದೆ. ಛಾಯಾಗ್ರಾಹಕ ಡೀನ್ ಕಂಡೀ ಆ ಖಾಲಿ ಜಾಗಕ್ಕೆ ಅರೆಬೆಳಕು ಬಿಟ್ಟ. ಪ್ರೇಕ್ಷಕನ ಕಣ್ಣು ಹುಡುಗಿಯನ್ನು ಬಿಟ್ಟು ಅಲ್ಲಿಯೇ ತಡಕಾಡುತ್ತದೆ: ಬಟ್ಟೆ ಒಣಹಾಕಿದ ಹಗ್ಗದ ಹಿಂದೆ, ಬೇಲಿಯ ಮರೆಯಲ್ಲಿ, ಬಾಗಿಲ ಸಂದಿಯಲ್ಲಿ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಏನೂ ಇರುವುದಿಲ್ಲ. ರಕ್ತವಂತೂ ಚಿತ್ರದಲ್ಲಿ ಆಶ್ಚರ್ಯವಾಗುವಷ್ಟು ಕಡಿಮೆ. ಇದನ್ನು ರಕ್ತಪಾತದ ಚಿತ್ರವೆಂದು ನೆನಪಿಟ್ಟುಕೊಂಡವರು ತಾವು ಕಾಣದ್ದನ್ನು ಕಂಡೆವೆಂದು ನಂಬಿದವರು.

ಮೊದಲ ದೃಶ್ಯದ ಕಸುಬನ್ನೂ ಗಮನಿಸಬೇಕು. ಕ್ಯಾಮೆರಾಮನ್ ಮೈಗೆ ಕಟ್ಟಿಕೊಂಡು ನಡೆದರೂ ಚಿತ್ರ ಕುಲುಕದಂಥ ಹೊಸ ಸಾಧನದಿಂದ ಅದನ್ನು ತೆಗೆದರು. ಮನೆಯ ಹೊರಗಿನಿಂದ ಅಡುಗೆಮನೆಗೆ, ಮೆಟ್ಟಿಲೇರಿ ಮಲಗುವ ಕೋಣೆಗೆ, ಎಲ್ಲವನ್ನೂ ನೋಡುವುದು ಕೊಲೆಗಾರನ ಕಣ್ಣಿನಿಂದ. ಹೊರಬಂದ ಮೇಲೆ ಮುಖವಾಡ ಕಳಚಿದಾಗಲಷ್ಟೇ ಅದು ಮಗುವಿನ ಮುಖವೆಂದು ತಿಳಿಯುವುದು. ಆ ದೃಶ್ಯದಲ್ಲಿ ಚೂರಿ ಹಿಡಿಯುವ ಪುಟ್ಟ ಕೈ ಸಹಲೇಖಕಿಯೂ ನಿರ್ಮಾಪಕಿಯೂ ಆದ ಡೆಬ್ರಾ ಹಿಲ್‌ಳದು. ಮನೆ ನಿಜಕ್ಕೂ ಪಾಳುಬಿದ್ದಿತ್ತು. ಹಾಗಾಗಿ ಪಾಳುಮನೆಯ ದೃಶ್ಯಗಳನ್ನು ಮೊದಲು ಮುಗಿಸಿ, ಕೊನೆಗೆ ಸಿಕ್ಕ ಸಿಕ್ಕವರೆಲ್ಲ ಬ್ರಷ್ ಹಿಡಿದು ಬಣ್ಣ ಬಳಿದು, ಪೀಠೋಪಕರಣ ಜೋಡಿಸಿ, 1963ರ ಚಂದದ ಮನೆ ಮಾಡಿದರು.

ಸಂಗೀತ ಸೇರಿಸುವ ಮುನ್ನ ಚಿತ್ರವನ್ನು ಒಂದು ದೊಡ್ಡ ಸ್ಟುಡಿಯೋದ ಅಧಿಕಾರಿಗೆ ತೋರಿಸಿದಾಗ ಆಕೆಗೆ ಒಂದಿಷ್ಟೂ ಭಯವಾಗಲಿಲ್ಲವೆಂದು ಕಾರ್ಪೆಂಟರ್ ಬರೆದುಕೊಂಡಿದ್ದಾನೆ. ಸಂಗೀತಗಾರನಿಗೆ ಕೊಡಲು ದುಡ್ಡಿಲ್ಲದ ಕಾರಣ ಅವನೇ ಕೀಲಿಮಣೆಯ ಮುಂದೆ ಕುಳಿತು ಕೆಲವೇ ದಿನಗಳಲ್ಲಿ ಸಂಗೀತ ಕಟ್ಟಿದ. ಬಾಲ್ಯದಲ್ಲಿ ಸಂಗೀತದ ಪ್ರಾಧ್ಯಾಪಕನಾದ ತಂದೆ ಬೊಂಗೋ ವಾದ್ಯದ ಮೇಲೆ ಹೇಳಿಕೊಟ್ಟಿದ್ದ ಐದರ ಎಣಿಕೆಯೇ ಮುಖ್ಯ ರಾಗಕ್ಕೆ ಆಧಾರ. ಖಂಡಛಾಪು ತಾಳ ಬಲ್ಲ ನಮ್ಮವರಿಗೆ ಐದರ ಎಣಿಕೆ ವಿಶೇಷವಲ್ಲ. ನಾಲ್ಕಕ್ಕೆ ಒಗ್ಗಿದ ಅಮೆರಿಕದ ಕಿವಿಗೆ ಮಾತ್ರ ಪ್ರತಿ ಆವರ್ತದಲ್ಲೂ ಒಂದು ಹೆಜ್ಜೆ ತಪ್ಪಿದಂತೆ, ಯಾರೋ ಹತ್ತಿರ ಬಂದಂತೆ ಅನ್ನಿಸುತ್ತದೆ.

ಇಷ್ಟೆಲ್ಲ ಕಸುಬಿನ ಮಾತಾಯಿತು. ಆದರೆ ಚಿತ್ರದ ನಿಜವಾದ ಹೆದರಿಕೆ ಬೇರೆಡೆ ಇದೆ. ಪಾಳುಮನೆಗೆ ಹಗಲಿನಲ್ಲಿ ಮಕ್ಕಳು ಹೆದರುತ್ತಾರೆ. ಒಳಗೆ ಹೋಗುವ ಧೈರ್ಯ ಇದೆಯೇ ಎಂದು ಒಬ್ಬರನ್ನೊಬ್ಬರು ಕೆಣಕುತ್ತಾರೆ. ರಾತ್ರಿಯಾದ ಮೇಲೆ ಅಲ್ಲಿ ಏನೂ ಆಗುವುದಿಲ್ಲ. ವೈದ್ಯ ಲೂಮಿಸ್ ಆ ಮನೆಯ ಮುಂದೆ ಪಿಸ್ತೂಲು ಹಿಡಿದು ಕಾದು ಕುಳಿತಿರುತ್ತಾನೆ. ಕೊಲೆಗಳು ನಡೆಯುವುದು ದೀಪ ಉರಿಯುವ, ಟಿ.ವಿ. ಓಡುತ್ತಿರುವ, ಒಲೆಯ ಮೇಲೆ ಪಾಪ್‌ಕಾರ್ನ್ ಸಿಡಿಯುತ್ತಿರುವ ಮನೆಗಳಲ್ಲಿ. ಲಾರಿ ನೋಡಿಕೊಳ್ಳುತ್ತಿರುವ ಪುಟ್ಟ ಹುಡುಗ ಟಾಮಿ ಕಿಟಕಿಯಿಂದ ನೋಡಿ ಎದುರು ಮನೆಯ ಹತ್ತಿರ ಗುಮ್ಮ ನಿಂತಿದೆ ಎನ್ನುತ್ತಾನೆ. ಗುಮ್ಮ ಗಿಮ್ಮ ಏನೂ ಇಲ್ಲವೆಂದು ಆಕೆ ಸಮಾಧಾನ ಹೇಳುತ್ತಾಳೆ, ಹಿರಿಯರು ಹೇಳುವಂತೆಯೇ. ಮಗು ಕಂಡದ್ದು ನಿಜವಾಗಿತ್ತು.

ಗಾಯಗೊಂಡ ಲಾರಿ ಎದುರು ಮನೆಯಿಂದ ಬೀದಿಗೆ ಓಡಿ ಬರುತ್ತಾಳೆ. ನೆರೆಮನೆಯ ಬಾಗಿಲು ಬಡಿದು ಕಾಪಾಡಿರೆಂದು ಕಿರುಚುತ್ತಾಳೆ. ಜಗಲಿಯ ದೀಪ ಹತ್ತುತ್ತದೆ. ಒಳಗಿನಿಂದ ಯಾರೋ ಕಿಟಕಿಯ ತೆರೆ ಸರಿಸಿ ನೋಡುತ್ತಾರೆ. ದೀಪ ಆರುತ್ತದೆ. ಕೆಲವೇ ಸೆಕೆಂಡುಗಳ ಈ ದೃಶ್ಯದಲ್ಲಿ ಕೊಲೆಗಾರನೂ ಇಲ್ಲ, ಚೂರಿಯೂ ಇಲ್ಲ. ಹಬ್ಬದ ರಾತ್ರಿ ಹುಡುಗರ ಚೇಷ್ಟೆ ಎಂದುಕೊಂಡಿರಬಹುದು, ಹೆದರಿರಲೂಬಹುದು. ಚಿತ್ರ ವಿವರಣೆ ಕೊಡುವುದಿಲ್ಲ. ನಗರದ ಗಲಾಟೆ ಬೇಡವೆಂದು, ಮಕ್ಕಳು ಕ್ಷೇಮವಾಗಿರಲೆಂದು ಅಮೆರಿಕದ ಮಧ್ಯಮ ವರ್ಗ ಎರಡನೆಯ ಮಹಾಯುದ್ಧದ ನಂತರ ಲಕ್ಷಲಕ್ಷ ಸಂಖ್ಯೆಯಲ್ಲಿ ಇಂಥ ಬಡಾವಣೆಗಳಿಗೆ ಸರಿದಿತ್ತು. ಹುಲ್ಲುಹಾಸಿನ ಅಂತರದಲ್ಲಿ ನಿಂತ ಆ ಮನೆಗಳು ಒಂದಕ್ಕೊಂದು ಎಷ್ಟು ದೂರ ಎಂಬುದನ್ನು ಆರಿಹೋದ ಆ ದೀಪ ತೋರಿಸಿತು. ಇದರ ನಂತರ ಬಂದ ನೂರಾರು ಅನುಕರಣೆಗಳು ಚೂರಿಯನ್ನು, ಮುಖವಾಡವನ್ನು ಎತ್ತಿಕೊಂಡವು, ಈ ದೀಪವನ್ನು ಮರೆತವು.

ಆಕ್ಷೇಪಗಳೂ ಬಂದವು. ಪ್ರಣಯದಲ್ಲಿ ತೊಡಗಿದ ಹುಡುಗಿಯರು ಸಾಯುತ್ತಾರೆ, ಓದುಬರಹದ ಸಂಕೋಚದ ಹುಡುಗಿ ಉಳಿಯುತ್ತಾಳೆ. ಇದು ಮಡಿವಂತಿಕೆಯ ಶಿಕ್ಷೆಯಲ್ಲವೇ ಎಂದು ವಿಮರ್ಶಕರು ಕೇಳಿದರು. ಅಂಥ ಉದ್ದೇಶ ತನಗಿರಲಿಲ್ಲವೆಂದು ಕಾರ್ಪೆಂಟರ್ ಹೇಳುತ್ತ ಬಂದ. ಲಾರಿ ಉಳಿದದ್ದು ಶೀಲದಿಂದಲ್ಲ, ಸುತ್ತಲೂ ಕಣ್ಣಾಡಿಸುತ್ತಿದ್ದುದರಿಂದ ಎಂಬುದು ಅವನ ಸಮರ್ಥನೆ. ಅದನ್ನು ಪೂರ್ತಿ ಒಪ್ಪಲಾಗದು, ತಳ್ಳಿಹಾಕಲೂ ಆಗದು. ಹುಡುಗಿಯರ ಮಾತುಗಳು ಜೀವಂತವಾಗಿರಲು ಕಾರಣ ಡೆಬ್ರಾ ಹಿಲ್. ಸ್ವತಃ ಬೇಬಿ ಸಿಟ್ಟರ್ ಆಗಿದ್ದವಳು ಆಕೆ. ಊರಿನ ಹೆಸರೂ ಆಕೆ ಹುಟ್ಟಿದ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್‌ನದೇ. ಕೊನೆಯವರೆಗೆ ಉಳಿದು ಎದುರು ನಿಲ್ಲುವ ಇಂಥ ನಾಯಕಿಯರನ್ನು ‘ಕೊನೆಯ ಹುಡುಗಿ’ ಎಂದು ಹೆಸರಿಸಿ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರಲ್ಲಿ ಪ್ರಬಂಧ ಬರೆದ ಮೇಲೆ ಈ ಚರ್ಚೆ ವಿಶ್ವವಿದ್ಯಾಲಯಗಳನ್ನೂ ಹೊಕ್ಕಿತು.

1978ರ ಅಕ್ಟೋಬರ್ 25ರಂದು ಕಾನ್ಸಾಸ್ ಸಿಟಿಯಲ್ಲಿ ತೆರೆಕಂಡ ಚಿತ್ರ ಬಾಯಿಂದ ಬಾಯಿಗೆ ಹರಡಿ ಅಮೆರಿಕದಲ್ಲೇ ಸುಮಾರು 4 ಕೋಟಿ 70 ಲಕ್ಷ ಡಾಲರ್ ಗಳಿಸಿತು. 2022ರ ವೇಳೆಗೆ ಈ ಸರಣಿಯಲ್ಲಿ ಹದಿಮೂರು ಚಿತ್ರಗಳು ಬಂದವು, ಬಹುಪಾಲು ಮರೆಯಬಹುದಾದಂಥವು. ಇತ್ತ ಅಕ್ಕಾಡ್ ಹೃದಯವಿಟ್ಟು ಮಾಡಿದ ‘ಲಯನ್ ಆಫ್ ದ ಡೆಸರ್ಟ್’ 1981ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಮುಗ್ಗರಿಸಿತು. ಎಂಟು ‘ಹ್ಯಾಲೊವೀನ್’ ಚಿತ್ರಗಳ ಬೆನ್ನಿಗೆ ನಿಂತ ಅವನ ಬದುಕು ಮುಗಿದದ್ದು 2005ರ ನವೆಂಬರಿನಲ್ಲಿ. ಜೋರ್ಡಾನಿನ ಅಮ್ಮಾನ್‌ನಲ್ಲಿ ಇರಾಕಿನ ಅಲ್ ಕೈದಾ ಮೂರು ಹೋಟೆಲುಗಳಲ್ಲಿ ಬಾಂಬ್ ಸಿಡಿಸಿದಾಗ, ಮದುವೆಗೆಂದು ಬಂದಿದ್ದ ಅವನ ಮಗಳು ರೀಮಾ ಸತ್ತಳು. ಗಾಯಗೊಂಡಿದ್ದ ಅವನೂ ಎರಡು ದಿನಗಳ ನಂತರ ತೀರಿಕೊಂಡ. ಡೆಬ್ರಾ ಹಿಲ್ ಅದೇ ವರ್ಷ ಮಾರ್ಚ್‌ನಲ್ಲಿ ಕ್ಯಾನ್ಸರಿನಿಂದ ನಿಧನಳಾಗಿದ್ದಳು. ಮರುವರ್ಷ, 2006ರಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂರಕ್ಷಿಸಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ‘ಹ್ಯಾಲೊವೀನ್’ ಸೇರಿತು.

ಪಾಳುಮನೆಯೂ ಉಳಿದಿದೆ. ಸೌತ್ ಪಾಸಡೀನಾದ ಆ ಹತ್ತೊಂಬತ್ತನೆಯ ಶತಮಾನದ ಮರದ ಮನೆಯನ್ನು 1987ರಲ್ಲಿ ಕೆಡವಬೇಕಾಗಿ ಬಂದಾಗ, ಇಡಿಯಾಗಿ ಎತ್ತಿ ಹತ್ತಿರದ ಇನ್ನೊಂದು ನಿವೇಶನಕ್ಕೆ, ರೈಲು ಹಳಿಯ ಪಕ್ಕಕ್ಕೆ ಸಾಗಿಸಿದರು. ಬಣ್ಣ ಬಳಿದು ದುರಸ್ತಿ ಮಾಡಿದ ಮೇಲೆ ಅಲ್ಲಿ ಕಚೇರಿಗಳು ನಡೆದವು. ಪಾಳು ಚೆಹರೆ ಹೋಗಿದ್ದರೂ, ಅಕ್ಟೋಬರ್ ಬಂತೆಂದರೆ ಅಭಿಮಾನಿಗಳು ಅದರ ಮೆಟ್ಟಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.